ಡಕೋಟಾದಲ್ಲಿ ಮದರಾಸಿಗೆ

ಆಗೆಲ್ಲ ಬೇಸಿಗೆ ರಜೆಯೆಂದರೆ ಮಕ್ಕಳನ್ನು ಬೀದಿಗೆ ಬಿಟ್ಟು ದೊಡ್ಡವರು ಬಾಗಿಲು ಮುಂದೆ ಮಾಡಿಕೊಳ್ಳುವ ಎರಡು ತಿಂಗಳು. ಸರಸ್ವತೀಪುರದ ನಮ್ಮ ರಸ್ತೆಯಲ್ಲಿ ತಿಂಡಿ ಮುಗಿಯುತ್ತಲೇ ಶುರುವಾದ ಲಗೋರಿ ಬೀದಿದೀಪ ಹತ್ತಿದ ಮೇಲೂ ನಡೆಯುತ್ತಿತ್ತು. ಎಲ್ಲ ಮಕ್ಕಳೂ ಹೀಗೆ ಕುಣಿಯುತ್ತಿದ್ದ ಕಾಲದಲ್ಲೂ ‘ಈ ಹುಡುಗಿ ಒಂದು ಕಡೆ ಕೂರೋದಿಲ್ಲ’ ಎಂಬ ಪ್ರತ್ಯೇಕ ಕೀರ್ತಿಯನ್ನು ನಾನು ಸಂಪಾದಿಸಿದ್ದೆನೆಂದರೆ ಅದು ಸಣ್ಣ ಸಾಧನೆಯಲ್ಲ. ಊಟಕ್ಕೆ ಕೂತವಳು ಸಾರಿಗೂ ಮಜ್ಜಿಗೆಗೂ ನಡುವೆ ಗೇಟಿನ ತನಕ ಹೋಗಿ ಬರುತ್ತಿದ್ದೆ. ಪುಸ್ತಕ ಹಿಡಿದರೆ ಕಾಲಡಿಯಲ್ಲಿ ಇರುವೆ ಹರಿದಂತಾಗುತ್ತಿತ್ತು.

ಆ ವರ್ಷ ಅಪ್ಪ ಇದಕ್ಕೊಂದು ಪರಿಹಾರ ಕಂಡುಹಿಡಿದರು. ಊರಾಚೆ ಎಲ್ಲೋ ಒಂದು ಶಾಲೆಯಂತೆ, ಹಾಸ್ಟೆಲಂತೆ, ಅಲ್ಲಿ ನಸುಕಿನಲ್ಲೇ ಎಬ್ಬಿಸಿ ಸಾಲಾಗಿ ಕೂರಿಸಿ ಓದಿಸುತ್ತಾರಂತೆ. ಕೂರಿಸುತ್ತಾರೆ ಎಂಬ ಮಾತೇ ಅಪ್ಪನಿಗೆ ಸಾಕಾಯಿತು. ಜೂನ್‌ನಿಂದ ನಾನು ಅಲ್ಲಿಗೆ ಎಂದು ಘೋಷಣೆಯಾಯಿತು. ತಡೆಯಬಲ್ಲವಳಾಗಿದ್ದ ಅಮ್ಮ ತನ್ನ ತಂಗಿಯ ಬಾಣಂತನಕ್ಕೆಂದು ನಂಜನಗೂಡಿಗೆ ಹೋಗಿದ್ದಳು. ನಾನು ಹಿತ್ತಲಿನ ಸೀಬೆಮರ ಹತ್ತಿ ಅತ್ತೆ. ಅಲ್ಲೂ ಒಂದೇ ಕೊಂಬೆಯಲ್ಲಿ ಕೂತು ಅಳಲಾಗಲಿಲ್ಲ.

ನನ್ನ ಪರವಾಗಿ ಉಳಿದವರು ಚಿಕ್ಕಪ್ಪ ಒಬ್ಬರೇ. ಹೆಬ್ಬಾಳದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ಮದುವೆಯಾಗಿರಲಿಲ್ಲ, ಹತ್ತಿರ ಬಂದರೆ ಗ್ರೀಸಿನದೂ ಚಂದ್ರಿಕಾ ಸೋಪಿನದೂ ಬೆರೆತ ವಾಸನೆ. ನಡುಮನೆಯ ಮೂಲೆಯಲ್ಲಿ ಅವರ ಕಂಪ್ಯೂಟರ್ ಇತ್ತು. ಅಜ್ಜಿ ಹಳೇ ಸೀರೆಯಲ್ಲಿ ಮಾನಿಟರಿಗೊಂದು, ಕೀಬೋರ್ಡಿಗೊಂದು ಗವಸು ಹೊಲಿದು, ದೇವರ ವಿಗ್ರಹಕ್ಕಿರುವಷ್ಟೇ ಮರ್ಯಾದೆ ಕೊಟ್ಟಿದ್ದರು. ಅದರಲ್ಲಿ ಚಿಕ್ಕಪ್ಪ ಆಡುತ್ತಿದ್ದುದು ಒಂದೇ ಆಟ, ವಿಮಾನ ಹಾರಿಸುವುದು. ಅದೂ ಜೆಟ್ ಅಲ್ಲ, ಎರಡು ಪ್ರೊಪೆಲ್ಲರಿನ ಮುದುಕ ಡಕೋಟಾ. ಆ ರಜೆಯಲ್ಲಿ ನನಗೂ ಅದನ್ನು ಕಲಿಸಿದರು.

ನಮ್ಮ ಮನೆಯಲ್ಲಿ ಡಕೋಟಾ ಎಂದರೆ ಚಿಕ್ಕಪ್ಪನ ಸ್ಕೂಟರು. ವಿಸ್ತರಿಸಿದ ಅರ್ಥದಲ್ಲಿ ಮಿಕ್ಸಿ, ಮೇಲಿನ ಫ್ಯಾನು ಮತ್ತು ಎದುರು ಮನೆಯ ಮಾವ. ‘ಶುಭಾ ಈಗ ಡಕೋಟಾ ಚೆನ್ನಾಗಿ ಓಡಿಸ್ತಾಳೆ’ ಎಂದು ಚಿಕ್ಕಪ್ಪ ಊಟದ ಹೊತ್ತಿನಲ್ಲಿ ನನ್ನ ಬಗ್ಗೆ ಹೇಳಿದಾಗ ಅಪ್ಪ ಕೈ ತೊಳೆಯದೆ ಎದ್ದು ಹೋಗಿ ಸ್ಕೂಟರಿಗೆ ಏನಾದರೂ ಗೀರು ಬಿದ್ದಿದೆಯೇ ಎಂದು ನೋಡಿ ಬಂದರು.

ಆಟದಲ್ಲಿ ಒಂದು ಕೀ ಇತ್ತು. ಒತ್ತಿದರೆ ಹೊಸ ಕಾಲದ ಆಟೋಪೈಲಟ್ ಬಂದು, ಹೇಳಿದ ಎತ್ತರ ಹಿಡಿದು, ಹೇಳಿದ ಊರಿಗೆ ತಾನೇ ಹೋಗುತ್ತಿತ್ತು. ಚಿಕ್ಕಪ್ಪನ ಸಂವಿಧಾನದಲ್ಲಿ ಆ ಕೀಗೆ ಬಹಿಷ್ಕಾರ. ನಿಜವಾದ ಡಕೋಟಾದಲ್ಲಿ ಏನಿತ್ತೋ ಅಷ್ಟೇ. ಅದರಲ್ಲಿದ್ದ ಆಟೋಪೈಲಟ್ ಹಳೇ ಕಾಲದ ಗುಮಾಸ್ತನ ಹಾಗೆ, ಒಪ್ಪಿಸಿದ್ದನ್ನು ಒಪ್ಪಿಸಿದಂತೆಯೇ ಹಿಡಿದುಕೊಳ್ಳುತ್ತಿತ್ತು, ಸ್ವಂತ ಬುದ್ಧಿ ಓಡಿಸುತ್ತಿರಲಿಲ್ಲ. ಎದುರಿಗೆ ಅಂಕಿಗಳ ಎರಡು ಪಟ್ಟಿ, ಒಂದರ ಕೆಳಗೊಂದು; ಒಂದು ವಿಮಾನ ಹೋಗುತ್ತಿರುವ ದಿಕ್ಕಿಗೆ, ಇನ್ನೊಂದು ಹೋಗಬೇಕಾದ ದಿಕ್ಕಿಗೆ. ಎರಡನ್ನೂ ಹೊಂದಿಸಿದ ಮೇಲೇ ಅದನ್ನು ಚಾಲೂ ಮಾಡಬೇಕು. ಹೊಂದಿಸದೆ ಚಾಲೂ ಮಾಡಿ ನಾನು ಮೊದಲ ವಾರವೆಲ್ಲ ವಿಮಾನವನ್ನು ಮಗುಚಿಹಾಕಿದೆ. ಹೊಂದಿಸಿದರೂ ನೆಮ್ಮದಿಯಿಲ್ಲ. ದಿಕ್ಕು ತೋರಿಸುವ ಪಟ್ಟಿ ನಿಧಾನವಾಗಿ ಜಾರುತ್ತಿತ್ತು, ಆಗಾಗ ದಿಕ್ಸೂಚಿ ನೋಡಿ ಸರಿಮಾಡಬೇಕು. ಆಟೋಪೈಲಟ್ ವಿಮಾನದ ಮೂಗನ್ನು ಹಿಡಿಯುತ್ತಿತ್ತೇ ಹೊರತು ಎತ್ತರವನ್ನಲ್ಲ, ಅದಕ್ಕೆ ಬೇರೆ ತಿರುಪು ತಿರುಗಿಸುತ್ತಿರಬೇಕು. ಎಂಜಿನ್ ಬದುಕಿದೆಯೋ ಸತ್ತಿದೆಯೋ ಅದಕ್ಕೆ ಗೊತ್ತೇ ಇರುತ್ತಿರಲಿಲ್ಲ.

ಒಂದು ಸಂಜೆ ಚಿಕ್ಕಪ್ಪ ಅಪ್ಪನೆದುರು ಈ ವಿಷಯ ಎತ್ತಿದರು. “ಅವಳಿಗೆ ಕೂರೋಕೆ ಬರಲ್ಲ ಅಂತ ಯಾರಂದಿದ್ದು ಅಣ್ಣ? ಸುಮ್ನೆ ಕೂರೋಕೆ ಬರಲ್ಲ, ಅಷ್ಟೆ.”

ಅಪ್ಪನಿಗೆ ವ್ಯತ್ಯಾಸ ಕಾಣಲಿಲ್ಲ. ಕೊನೆಗೆ ಒಪ್ಪಂದವಾಯಿತು. ಭಾನುವಾರ ನಾನು ಒಬ್ಬಳೇ ನಮ್ಮೂರ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಮದರಾಸಿಗೆ ಡಕೋಟಾ ಒಯ್ಯಬೇಕು. ಹೆಚ್ಚು ಕಡಿಮೆ ಒಂದೂವರೆ ಗಂಟೆಯ ಹಾದಿ. ನಡುವೆ ಕುರ್ಚಿಯಿಂದ ಎದ್ದರೆ ಹಾಸ್ಟೆಲು. ಏಳದೆ ತಲುಪಿಸಿದರೆ ಹಾಸ್ಟೆಲಿನ ಮಾತಿಲ್ಲ. ಚಿಕ್ಕಪ್ಪ ತುಟಿ ಬಿಚ್ಚುವಂತಿಲ್ಲ.

ಭಾನುವಾರ ಅಪ್ಪ ಪರೀಕ್ಷಾಧಿಕಾರಿಯ ಗಾಂಭೀರ್ಯದಿಂದ ಪೇಪರ್ ಹಿಡಿದು ಹಿಂದೆ ಕೂತರು. ಚಿಕ್ಕಪ್ಪ ಕಿಟಕಿಯ ಬಳಿ ಬಾಯಿಗೆ ಅಡಿಕೆ ಹಾಕಿಕೊಂಡು ತಮ್ಮ ಮೌನಕ್ಕೆ ಏರ್ಪಾಡು ಮಾಡಿಕೊಂಡರು. ಅಜ್ಜಿ ಮಡಿಯುಟ್ಟು ಅಡುಗೆಮನೆಯಲ್ಲಿದ್ದರು, ಹುರಿದ ಮೆಂತ್ಯದ ವಾಸನೆ ಬರುತ್ತಿತ್ತು. ನಾನು ಹಾರಿದೆ. ಪಟ್ಟಿ ಹೊಂದಿಸಿದೆ, ಚಾಲೂ ಮಾಡಿದೆ, ಪೂರ್ವಕ್ಕೆ ಹೊರಟೆ.

ಹೊರಗೆ ಲಗೋರಿ ಬಿದ್ದ ಸದ್ದು ಕೇಳಿತು. ಯಾರೋ ನನ್ನ ಹೆಸರು ಹಿಡಿದು ಕೂಗಿದರು. ಕಾಲು ಆಗಲೇ ನೆಲ ಹುಡುಕುತ್ತಿತ್ತು. ಅಷ್ಟರಲ್ಲಿ ಪಟ್ಟಿ ಜಾರಿತ್ತು, ಸರಿಮಾಡಿದೆ. ಎತ್ತರ ಸ್ವಲ್ಪ ಏರಿತ್ತು, ತಿರುಪು ತಿರುಗಿಸಿದೆ. ಎಣ್ಣೆಯ ಮುಳ್ಳು ನೋಡಿದೆ. ಮತ್ತೆ ಪಟ್ಟಿ ಜಾರಿತ್ತು. ಆ ಮುದುಕ ವಿಮಾನಕ್ಕೂ ನನ್ನ ಹಾಗೆಯೇ ಒಂದು ಕಡೆ ನಿಲ್ಲಲು ಬರುತ್ತಿರಲಿಲ್ಲ.

ವೆಲ್ಲೂರಿನ ಗುಡ್ಡಗಳ ಹತ್ತಿರ ಮೋಡ ಹೊಕ್ಕೆವು. ಸ್ವಲ್ಪ ಹೊತ್ತಿಗೆ ಎಂಜಿನ್ನಿನ ದನಿ ಸೊರಗಿತು. ಕಾರ್ಬುರೇಟರಿನಲ್ಲಿ ಹಿಮ ಕಟ್ಟಿತ್ತು. ಗುಮಾಸ್ತ ಮಹಾಶಯ ಮಾತ್ರ ಮೂಗನ್ನು ಹಿಡಿದಲ್ಲೇ ಹಿಡಿದಿದ್ದ. ವೇಗ ಇಳಿಯಿತು, ಎತ್ತರ ಇಳಿಯಿತು. ಹಿಂದೆ ಪೇಪರ್ ಮಡಚಿದ ಸದ್ದಾಯಿತು.

“ಏಯ್ ಶುಭಾ, ಕೆಳಗೆ ಹೋಗ್ತಿದೆ ಕಣೇ.”

ನಾನು ಆಟೋಪೈಲಟ್ ಬಿಡಿಸಿ, ವೇಗ ಬರಲೆಂದು ಮೂಗನ್ನು ಇನ್ನೂ ಕೆಳಗೆ ಮಾಡಿದೆ. ಕಾರ್ಬುರೇಟರಿಗೆ ಬಿಸಿಗಾಳಿ ಬಿಟ್ಟೆ. ಅಪ್ಪ ಎದ್ದೇಬಿಟ್ಟರು. ಕುರ್ಚಿಯಿಂದ ಅಡುಗೆಮನೆ ಬಾಗಿಲಿಗೆ, ಅಲ್ಲಿಂದ ಮಾನಿಟರಿಗೆ ಓಡಾಡತೊಡಗಿದರು. ಏನಾಯಿತೆಂದು ಸೌಟು ಹಿಡಿದು ಹೊಸ್ತಿಲಿಗೆ ಬಂದಿದ್ದ ಅಜ್ಜಿ, ಮೈಮೇಲೆ ಬೀಳುವಂತೆ ಬಂದ ಮಗನನ್ನು ಕಂಡು ಮಡಿ ಮಡಿ ಎನ್ನುತ್ತ ಗೋಡೆಗೆ ಒತ್ತಿಕೊಂಡರು.

“ಅದೇನೋ ಕೀ ಒತ್ತಿದ್ರೆ ತಾನೇ ಹಿಡ್ಕೊಳತ್ತೆ ಅಂತಿದ್ರಲ್ಲ,” ಅಪ್ಪನ ಕೈ ಕೀಬೋರ್ಡಿನ ಹತ್ತಿರವೇ ಬಂತು. “ಒತ್ತೇ ಅದನ್ನ. ಗುಡ್ಡ ಕಾಣ್ತಿದೆ.”

“ಅದು ಈ ವಿಮಾನದಲ್ಲಿ ಇಲ್ಲ ಅಪ್ಪ,” ಎಂದೆ, ತಲೆಯೆತ್ತದೆ.

ಎಂಜಿನ್ ಕೆಮ್ಮಿತು, ಮತ್ತೆ ಕೆಮ್ಮಿತು, ದನಿ ತುಂಬಿಕೊಂಡಿತು. ಮೇಲೇರಿದೆ. ಪಟ್ಟಿ ಹೊಂದಿಸಿ ಮತ್ತೆ ಗುಮಾಸ್ತನಿಗೆ ಒಪ್ಪಿಸಿದೆ. ಅಪ್ಪ ಆಮೇಲೂ ಕೂರಲಿಲ್ಲ. ಮದರಾಸಿನ ರನ್‌ವೇ ಕಂಡಾಗ ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಮೂರು ಸಲ ಪುಟಿದು, ರನ್‌ವೇ ದಾಟಿ ಹುಲ್ಲಿನಲ್ಲಿ ನಿಂತೆ. ಪುಟಿದಾಗಲೆಲ್ಲ ಕುರ್ಚಿಯೂ ಅಲುಗಿತು.

ತೀರ್ಪು ಹೇಳಬೇಕಾದವರು ಬೆವರು ಒರೆಸಿಕೊಂಡು, ಹುಲ್ಲಿನಲ್ಲಿ ಇಳಿಸಿದ್ದನ್ನು ತಲುಪಿದ್ದು ಎನ್ನಬಹುದೇ ಎಂದು ತಾಂತ್ರಿಕ ಪ್ರಶ್ನೆ ಎತ್ತಿದರು. ಹೊಸ್ತಿಲಿನಿಂದಲೇ ಅಜ್ಜಿ ಕೇಳಿದರು:

“ಅವಳು ಎದ್ದಳೇನೋ? ಎದ್ದು ಕುಣಿದವನು ನೀನು. ಆ ಹಾಸ್ಟೆಲಿಗೆ ನಿನ್ನನ್ನೇ ಸೇರಿಸಬೇಕು ಕಣೋ.”

ಚಿಕ್ಕಪ್ಪ ಅಡಿಕೆ ಉಗಿಯಲು ಹಿತ್ತಲಿಗೆ ಓಡಿದರು. ಅಲ್ಲೇ ನಗುತ್ತ ಬಹಳ ಹೊತ್ತು ಒಳಗೆ ಬರಲಿಲ್ಲ. ಅಪ್ಪ ಪೇಪರ್ ಬಿಡಿಸಿದರು, ತಲೆಕೆಳಗಾಗಿ. ಹಾಸ್ಟೆಲಿನ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ.

ಈಗ ನನಗೆ ಕೂರಲು ಚೆನ್ನಾಗಿ ಬರುತ್ತದೆ. ಕಚೇರಿಯಲ್ಲಿ ಕೂತರೆ ಸಂಜೆಯವರೆಗೆ, ಕಾರಿನಲ್ಲಿ ಕೂತರೆ ಫೋನು ಹೇಳಿದ ಕಡೆ ತಿರುಗಿ, ಮನೆಗೆ ಬಂದರೆ ಸೋಫಾದಲ್ಲಿ. ಯಾರೂ ದೂರು ಹೇಳುವುದಿಲ್ಲ. ಕಳೆದ ಬೇಸಿಗೆಯಲ್ಲಿ ಅದೇ ಮುದುಕ ಡಕೋಟಾವನ್ನು ಹೊಸ ಕಂಪ್ಯೂಟರಿಗೆ ಹಾಕಿಕೊಂಡು ಮಂಡಕಳ್ಳಿಯಿಂದ ಹೊರಟೆ. ಒಮ್ಮೆ ಪಟ್ಟಿ ಸರಿಮಾಡಿದ ನೆನಪಿದೆ. ಆಮೇಲೆ ನೋಡುವಾಗ ಮದರಾಸು ಎಲ್ಲೋ ಉಳಿದು, ವಿಮಾನ ದಿಕ್ಕು ಜಾರಿ ಸಮುದ್ರದ ಮೇಲೆ ಬಹಳ ದೂರ ಹೋಗಿತ್ತು. ಅಷ್ಟು ಹೊತ್ತೂ ನಾನು ಕದಲದೆ ಕೂತಿದ್ದೆ. ಹೊರಗೆ ಬೀದಿಯಲ್ಲಿ ಯಾವ ಮಗುವೂ ಯಾರನ್ನೂ ಕೂಗುತ್ತಿರಲಿಲ್ಲ. ಕೂಗಿದ್ದರೂ, ಏಳಬೇಕೆಂದು ನನಗೆ ಅನ್ನಿಸುತ್ತಿತ್ತೋ ಇಲ್ಲವೋ.