ಅಗಲ ಪಾದದ ಓರಿಸ್ಯಾ

ಪಾಪ್ಲರ್ ಗ್ರೋವಿನಲ್ಲಿ ಓರಿಸ್ಯಾ ಹಾಲ್ಚುಕ್ ಸ್ಕೂಲ್ ಬಸ್ ಓಡಿಸುತ್ತಿದ್ದಳು. ಸಸ್ಕಾಚೆವಾನಿನ ಬಯಲಿನಲ್ಲಿ ಹಿಮಗಾಳಿ ಎದ್ದು, ರಸ್ತೆ ಯಾವುದು, ಗೋಧಿ ಹೊಲ ಯಾವುದು ಎಂದು ತಿಳಿಯದಂಥ ದಿನಗಳಲ್ಲೂ ಅವಳ ಹಳದಿ ಬಸ್ಸು ತಡವಾಗಿಯಾದರೂ ಬಂದೇ ಬರುತ್ತಿತ್ತು. ಗಟ್ಟಿ ಮೈ, ಅದಕ್ಕಿಂತ ಗಟ್ಟಿ ದನಿ. ಅವಳ ಮಾತಿಗೆ ಎದುರಾಡುವವರು ಊರಲ್ಲಿ ಕಡಿಮೆ. ಎದುರಾಡುತ್ತಿದ್ದದ್ದು ಅವಳ ಪಾದಗಳು ಮಾತ್ರ.

ಆ ಪಾದಗಳು ಅವಳ ಅಜ್ಜಿಯಿಂದ ಬಂದಿದ್ದವು. ಮುಂದೆ ಬೆರಳುಗಳ ಹತ್ತಿರ ಮೊರದಷ್ಟು ಅಗಲ, ಹಿಂದೆ ಹಿಮ್ಮಡಿ ಮಾತ್ರ ಸಣ್ಣ, ನಡುವೆ ಮೇಲುಗಡೆ ಗುಡ್ಡದ ಹಾಗೆ ಉಬ್ಬು. ಉಕ್ರೇನಿನಿಂದ ಹಡಗು ಹತ್ತಿ ಬಂದ ಅಜ್ಜಿ ಬೇಸಿಗೆಯಿಡೀ ಬರಿಗಾಲಲ್ಲಿ ಓಡಾಡಿ, ಚಳಿಗಾಲದಲ್ಲಿ ತುಪ್ಪಟದ ದೊಗಲೆ ಬೂಟಿನೊಳಗೆ ಕಾಲು ತೂರಿಸಿಕೊಂಡು ಬದುಕಿದವಳು. ಅವಳಿಗೆ ಆ ಪಾದದಿಂದ ಏನೂ ತೊಂದರೆಯಾಗಲಿಲ್ಲ. ಮೊಮ್ಮಗಳಿಗೆ ಮಂಜುಗಡ್ಡೆಯ ಮೇಲೆ ಆಡುವ ಹಾಕಿಯ ಹುಚ್ಚು ಹತ್ತಿದ್ದರಿಂದ ತೊಂದರೆಯಾಯಿತು.

ಓರಿಸ್ಯಾ ಚಿಕ್ಕವಳಿದ್ದಾಗ ಅಪ್ಪ ಡಿಸೆಂಬರಿನಲ್ಲಿ ಕೊಟ್ಟಿಗೆಯ ಪಕ್ಕದ ಬಯಲಿಗೆ ಬಾವಿಯ ನೀರು ಹಾಯಿಸಿ ಬಿಡುತ್ತಿದ್ದ. ಬೆಳಗಾಗುವಷ್ಟರಲ್ಲಿ ಅದು ಕನ್ನಡಿಯಂತೆ ಹೆಪ್ಪುಗಟ್ಟಿರುತ್ತಿತ್ತು. ಅಣ್ಣ ತರಾಸ್‌ಗೆ ಸಣ್ಣದಾದ ಸ್ಕೇಟುಗಳು, ಅಡಿಗೆ ಬ್ಲೇಡು ಕೂರಿಸಿದ ಬೂಟುಗಳು, ಅವಳಿಗೆ ಬರುತ್ತಿದ್ದವು. ಅವು ಉದ್ದದಲ್ಲಿ ದೊಡ್ಡವು, ಅಗಲದಲ್ಲಿ ಬಿಗಿ. ಹಿಮ್ಮಡಿ ಒಳಗೆ ಅಲ್ಲಾಡುತ್ತದೆಂದು ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿ, ಮೇಲೆ ಪೇಪರು ತುರುಕಿ ಕಟ್ಟಿಕೊಳ್ಳುತ್ತಿದ್ದಳು. ಆಗ ಮುಂದಿನ ಬೆರಳುಗಳಿಗೆ ಜಾಗವೇ ಇರುತ್ತಿರಲಿಲ್ಲ. ತರಾಸ್ ಅವಳನ್ನು "ಬಾತುಕೋಳಿ" ಎಂದು ಕರೆಯುತ್ತಿದ್ದ. ಬಾತುಕೋಳಿ ಅವನ ಕೋಲಿನಿಂದ ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಕಸಿದುಕೊಂಡು ಹೋದಾಗ ಮಾತ್ರ ಅವನ ಬಾಯಿ ಮುಚ್ಚುತ್ತಿತ್ತು.

ಮುಂದೆ ಮದುವೆ, ಮಕ್ಕಳು, ಬಸ್ಸಿನ ಕೆಲಸ. ಊರಿನ ಹೆಂಗಸರೆಲ್ಲ ಸೇರಿ 'ಮ್ಯಾಗ್‌ಪೈ' ಎಂಬ ತಂಡ ಕಟ್ಟಿದಾಗ ಓರಿಸ್ಯಾ ಮೊದಲ ದಿನವೇ ಹೆಸರು ಕೊಟ್ಟಳು. ಅವಳದು ಹಿಂದೆ ನಿಂತು ಎದುರಾಳಿಗಳನ್ನು ತಡೆಯುವ ಜಾಗ. ಆಟ ಚೆನ್ನಾಗಿಯೇ ಬಂತು. ಆದರೆ ಅವಳು ತೊಟ್ಟಿದ್ದು ಈಗಲೂ ಯಾರೋ ಬಿಟ್ಟ ಸ್ಕೇಟು, ಮೊದಲು ತರಾಸ್‌ನದು, ಆಮೇಲೆ ಮಗನದು. ಆಟದ ಮಧ್ಯೆ ಬಿಡುವು ಸಿಕ್ಕಿದರೆ ಸಾಕು, ಬೆಂಚಿನ ಮೇಲೆ ಕುಸಿದು ದಾರ ಸಡಿಲಿಸಿ, ಜೋಮು ಹಿಡಿದ ಬೆರಳುಗಳನ್ನು ತಿಕ್ಕುತ್ತಿದ್ದಳು.

"ಏನೇ, ಮತ್ತೆ ಪಾದಪೂಜೆ ಶುರು ಆಯ್ತಾ?" ಎನ್ನುತ್ತಿದ್ದಳು ತಂಡದ ಗೋಲ್‌ಕೀಪರ್ ಬರ್ನಡೀನ್. ಕಿರಾಣಿ ಅಂಗಡಿ ನಡೆಸುವ ಅವಳ ನಾಲಿಗೆ ಒಂದು ನಿಮಿಷ ಸುಮ್ಮನಿದ್ದದ್ದನ್ನು ಯಾರೂ ಕಂಡಿಲ್ಲ.

"ನಿನ್ನ ಬಾಯಿಗೂ ಹೀಗೇ ದಾರ ಹಾಕಿ ಬಿಗಿದ್ರೆ ಗೊತ್ತಾಗತ್ತೆ" ಎನ್ನುತ್ತಿದ್ದಳು ಓರಿಸ್ಯಾ.

ಐವತ್ತು ತುಂಬಿದ ಶರತ್ಕಾಲದಲ್ಲಿ, ರಾತ್ರಿ ಊಟದ ಹೊತ್ತಿಗೆ ಅವಳು ಗಂಡ ನೆಸ್ಟರ್‌ಗೆ ತನ್ನ ತೀರ್ಮಾನ ತಿಳಿಸಿದಳು.

"ನಾನು ಹೊಸ ಸ್ಕೇಟ್ ತಗೋತೀನಿ. ಟೀವೀಲಿ ಆಡೋರು ಹಾಕ್ಕೋತಾರಲ್ಲ, ಅದು. ಎಲ್ಲಕ್ಕಿಂತ ಮೇಲಿಂದು."

ನೆಸ್ಟರ್ ಆಲೂಗಡ್ಡೆ ತುಂಬಿದ ಪಿರೋಗಿ ಕಡುಬಿನ ಮೇಲೆ ಹುಳಿಕೆನೆ ಸುರಿಯುತ್ತಿದ್ದವನು ಚಮಚ ಕೆಳಗಿಟ್ಟ. "ಆ ದುಡ್ಡಿಗೆ ಒಂದು ಹಸು ಬರತ್ತೆ ಕಣೇ."

"ಹಸು ಮೇಲೆ ಕೂತು ಹಾಕಿ ಆಡಕ್ಕಾಗತ್ತಾ?"

ನೆಸ್ಟರ್ ನಕ್ಕು ಮತ್ತೆ ಊಟಕ್ಕೆ ಬಾಗಿದ. ಹೆಂಡತಿ ತೀರ್ಮಾನ ಮಾಡಿದ ಮೇಲೆ ಮಾತಾಡುವುದು ಗಾಳಿಗೆ ಗುದ್ದಿದ ಹಾಗೆ ಎಂದು ಅವನಿಗೆ ಗೊತ್ತಿತ್ತು.

ಸಸ್ಕಾಟೂನಿನ ಅಂಗಡಿಯಲ್ಲಿ ಡೆಲ್ಬರ್ಟ್ ಫ್ರೀಸನ್ ಎಂಬ ಬಿಳಿಮೀಸೆಯ ಮನುಷ್ಯ ಅವಳ ಪಾದವನ್ನು ಕೈಯಲ್ಲಿ ಹಿಡಿದು ಹಿಂದೆಮುಂದೆ ತಿರುಗಿಸಿ ನೋಡಿದ. ಅವಳು ಬೊಟ್ಟು ಮಾಡಿ ತೋರಿಸಿದ ಸ್ಕೇಟನ್ನು ತಂದ. ಕಪ್ಪಗೆ ಮಿರಮಿರ ಮಿನುಗುತ್ತಿದ್ದ ಅದನ್ನು ಕೈಗೆತ್ತಿಕೊಂಡರೆ ಹಕ್ಕಿಯಷ್ಟು ಹಗುರ. ಅವಳು ಕಾಲು ತೂರಿಸಿದ ಮೇಲೆ ಡೆಲ್ಬರ್ಟ್ ದಾರ ಕಟ್ಟದೆ, ದಾರದ ತೂತುಗಳ ಎರಡು ಸಾಲಿನ ಮೇಲೆ ಅಡ್ಡಲಾಗಿ ಒಂದು ಪೆನ್ಸಿಲ್ ಇಟ್ಟ. ಪೆನ್ಸಿಲ್ಲು ಅವಳ ಪಾದದ ಉಬ್ಬಿಗೆ ತಾಗಿ ಏತದ ಹಾಗೆ ಆಡಿತು.

"ನೋಡಮ್ಮ, ಪೆನ್ಸಿಲ್ಲು ಕಾಲಿಗೆ ತಾಗದೆ ಮಲಗಬೇಕು. ನಿನ್ನ ಪಾದಕ್ಕೆ ಈ ಬೂಟಿನ ಆಳ ಸಾಲಲ್ಲ. ಮುಂದೆ ಅಗಲಾನೂ ಸಾಲಲ್ಲ. ಇದು ತೆಳ್ಳಗಿನ ಕಾಲೋರಿಗೆ ಮಾಡಿದ್ದು. ಇದೇ ಬೆಲೆಯಲ್ಲಿ ಅಗಲದ್ದು ತರಿಸಿಕೊಡ್ತೀನಿ, ಮೂರು ವಾರ ಕಾಯಿ."

"ಆ ಅಗಲದ್ದನ್ನ ಟೀವೀಲಿ ಆಡೋರು ಹಾಕ್ಕೋತಾರಾ?"

"ಅವರ ಕಾಲು ಅಗಲ ಇದ್ರೆ ಹಾಕ್ಕೋತಾರೆ."

"ಇಷ್ಟು ದುಡ್ಡಿನ ಸ್ಕೇಟು ತಾನೇ ಹಿಗ್ಗಲ್ವಾ? ಇದನ್ನೇ ಕೊಡಿ."

"ಬಿಸಿ ಮಾಡಿ ಕಾಲಿಗೆ ಕೂರಿಸಿದ ಮೇಲೆ ವಾಪಸ್ ತಗೊಳ್ಳಲ್ಲಮ್ಮ. ಈಗಲೇ ಹೇಳಿದೀನಿ."

"ನಾನೂ ಕೇಳಿಸಿಕೊಂಡಿದೀನಿ."

ಹುಟ್ಟಿದಂದಿನಿಂದ ಇನ್ನೊಬ್ಬರು ಬಿಟ್ಟದ್ದನ್ನು ತೊಟ್ಟವಳಿಗೆ ಕಣ್ಣೆದುರಿನ ಹೊಸ ಜೋಡಿಯನ್ನು ಬಿಟ್ಟು ಬರಿಗೈಯಲ್ಲಿ ಹೋಗಲು ಮನಸ್ಸಾಗಲಿಲ್ಲ. ಡೆಲ್ಬರ್ಟ್ ಸ್ಕೇಟುಗಳನ್ನು ಪುಟ್ಟ ಒಲೆಯೊಳಗಿಟ್ಟು ಬಿಸಿ ಮಾಡಿ ಅವಳ ಕಾಲಿಗೆ ಕಟ್ಟಿದ.

ಮೊದಲ ಅಭ್ಯಾಸದ ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರೂ ಆ ಸ್ಕೇಟುಗಳನ್ನು ಮಗುವಿನಂತೆ ಕೈಯಿಂದ ಕೈಗೆ ದಾಟಿಸಿದರು. ಓರಿಸ್ಯಾ ರಾಣಿಯಂತೆ ಮಂಜಿನ ಮೇಲಿಳಿದಳು. ಎರಡು ಸುತ್ತು ಹಾರಿದಂತಾಯಿತು. ಮೂರನೆಯ ಸುತ್ತಿಗೆ ಸ್ಕೇಟು ಕಚ್ಚಲು ಶುರುಮಾಡಿತು. ಮೇಲುಬ್ಬಿನ ಮೇಲೆ ದಾರ ಕೊರೆಯಿತು, ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿತು. ಹಳೆಯದು ಸವೆದು ಮೆತ್ತಗಾಗಿದ್ದರಿಂದ ಸ್ವಲ್ಪವಾದರೂ ಬಗ್ಗುತ್ತಿತ್ತು. ಇದು ಕಲ್ಲು. ಮನೆಗೆ ಬಂದು ಕಾಲುಚೀಲ ಬಿಚ್ಚಿದರೆ ಬೊಬ್ಬೆ ಒಡೆದು ರಕ್ತ.

"ಹೇಗಿದೆ ನನ್ನ ಹಸು?" ಎಂದ ನೆಸ್ಟರ್.

"ಪಳಗಬೇಕು" ಎಂದಳು ಹಲ್ಲು ಕಚ್ಚಿಕೊಂಡು.

ಹಸು ಪಳಗಲಿಲ್ಲ. ಒಂದು ಪಂದ್ಯದಲ್ಲಿ ತಿರುಗಬೇಕಾದ ಕಡೆ ತಿರುಗಲಾರದೆ ಕಂಬದಂತೆ ನಿಂತಳು. ಎದುರಾಳಿ ಪಕ್ಕದಲ್ಲೇ ಹಾದು ಗೋಲು ಹೊಡೆದಳು. ಬರ್ನಡೀನ್ ಮುಖವಾಡ ಮೇಲೆತ್ತಿ ಕೂಗಿದಳು: "ಓರಿಸ್ಯಾ, ಅಲ್ಲಿ ನಿಂತಿರೋದು ನೀನಾ, ನಿನ್ನ ಫೋಟೋನಾ?" ಎಲ್ಲರೂ ನಕ್ಕರು. ಓರಿಸ್ಯಾಗೆ ನಗು ಬರಲಿಲ್ಲ. ತಪ್ಪು ಯಾರದೆಂದು ಅವಳಿಗೆ ಗೊತ್ತಿತ್ತು, ಅದನ್ನು ಬಾಯಿಬಿಟ್ಟು ಹೇಳುವುದಷ್ಟೇ ಬಾಕಿಯಿತ್ತು.

ಜನವರಿಯಲ್ಲಿ ಉಕ್ರೇನಿನವರ ಹಳೇ ಪಂಚಾಂಗದ ಕ್ರಿಸ್‌ಮಸ್ ಹಿಂದಿನ ಸಂಜೆ, ಪದ್ಧತಿಯಂತೆ ಮಾಂಸವಿಲ್ಲದ ಹನ್ನೆರಡು ಬಗೆಯ ಅಡುಗೆಗೆ ನೆಸ್ಟರ್‌ನ ತಂಗಿ ಲೆಸ್ಯಾ ಮನೆಯವರೊಡನೆ ಬಂದಳು. ಪಕ್ಕದ ಊರು ಹೇಜಲ್‌ಡೀನಿನಲ್ಲಿ ಹಂದಿ ಸಾಕುವ ಲೆಸ್ಯಾ ಆ ಊರಿನ ತಂಡದ ಮುಂದೆ ನುಗ್ಗಿ ಗೋಲು ಹೊಡೆಯುವ ಆಟಗಾರ್ತಿ. ಕಡ್ಡಿಯಂಥ ಮೈ, ಮಿಂಚಿನ ಕಾಲು. ಅತ್ತಿಗೆ ನಾದಿನಿಯರು ಮಂಜಿನ ಮೇಲೆ ಹಾವು ಮುಂಗುಸಿ, ಅಡುಗೆಮನೆಯಲ್ಲಿ ಹಾಲು ಜೇನು. ಬಾಗಿಲ ಬಳಿ ಬಿದ್ದಿದ್ದ ಸ್ಕೇಟು ಲೆಸ್ಯಾಳ ಕಣ್ಣಿಗೆ ಬಿತ್ತು.

"ಅತ್ತಿಗೆ, ಇದೇನಾ ಆ ಹಸು? ಒಂದ್ಸಲ ಹಾಕ್ಕೊಂಡು ನೋಡ್ಲಾ?"

"ನೋಡು. ಆಮೇಲೆ ಅಮ್ಮಾ ಅಪ್ಪಾ ಅನ್ಬೇಡ."

ಲೆಸ್ಯಾ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತು ಕಾಲು ತೂರಿಸಿ, ದಾರ ಎಳೆದು, ಮೊಣಕಾಲು ಬಗ್ಗಿಸಿದಳು. ಅವಳ ಮುಖ ಅರಳಿತು. "ಇದು ಎಲ್ಲೂ ಕಚ್ಚಲ್ವಲ್ಲ ಅತ್ತಿಗೆ! ಹಿಮ್ಮಡಿ ಯಾರೋ ಕೈಯಲ್ಲಿ ಹಿಡಿದ ಹಾಗಿದೆ!"

ಓರಿಸ್ಯಾ ಕೈಯಲ್ಲಿದ್ದ ಪಾತ್ರೆ ಇಟ್ಟು ನಾದಿನಿಯ ಕಾಲನ್ನೇ ನೋಡಿದಳು. ಅಲ್ಲಿ ಉಬ್ಬಿಲ್ಲ, ಅಗಲವಿಲ್ಲ, ಒರೆಗೆ ಕತ್ತಿ ಸೇರಿದ ಹಾಗೆ ಕೂತಿದೆ. ಆಮೇಲೆ ಅವಳು ಜೋರಾಗಿ ನಗಲು ಶುರುಮಾಡಿದಳು.

"ನನ್ನ ಬುದ್ಧಿಗಿಷ್ಟು! ಐವತ್ತು ವರ್ಷ ಬೇರೆಯೋರ ಕಾಲಿನ ಸ್ಕೇಟು ಹಾಕ್ಕೊಂಡೆ. ಕೊನೆಗೆ ಹೊಸದು ತಗೊಂಡೆ, ಅದೂ ನಿನ್ನ ಕಾಲಿಂದು! ತಗೊಂಡು ಹೋಗೇ."

"ಸುಮ್ನೆ ತಗೊಳ್ಳಲ್ಲ. ಅರ್ಧ ದುಡ್ಡು ಕೊಡ್ತೀನಿ, ಮಿಕ್ಕಿದ್ದಕ್ಕೆ ಒಂದು ಹಂದಿ."

"ಲೇ, ಇವತ್ತು ಮಾಂಸದ ಹೆಸರು ಎತ್ತಬಾರದು!" ಎಂದು ನೆಸ್ಟರ್ ಗದರಿದ. "ಹಸು ಕೊಟ್ಟು ಹಂದಿ ತಗೊಳ್ಳೋ ವ್ಯಾಪಾರ ನಾಳಿದ್ದು ಮಾಡಿ."

"ಆದ್ರೆ ಒಂದು ಮಾತು ಅತ್ತಿಗೆ" ಎಂದಳು ಲೆಸ್ಯಾ. "ಮಾರ್ಚಲ್ಲಿ ಪಂದ್ಯ ಇದೆ. ಇದೇ ಸ್ಕೇಟಲ್ಲಿ ನಿಮ್ಮ ಪಕ್ಕದಲ್ಲೇ ಹಾದು ಹೋಗ್ತೀನಿ. ಆಮೇಲೆ ಹೊಟ್ಟೆ ಉರ್ಕೋಬಾರದು."

"ಹಾದು ಹೋಗು, ನೋಡೋಣ."

ಹಬ್ಬ ಮುಗಿದ ಮೊದಲ ಶನಿವಾರ ಓರಿಸ್ಯಾ ಸಸ್ಕಾಟೂನಿಗೆ ಹೋದಳು. ಅಂಗಡಿಯ ಬಾಗಿಲಲ್ಲೇ ಎಲ್ಲರಿಗೂ ಕೇಳುವಂತೆ ಹೇಳಿದಳು: "ಡೆಲ್ಬರ್ಟ್, ನೀವು ಹೇಳಿದ್ದೇ ಸರಿ. ನನ್ನ ಹಟ ತಪ್ಪು. ಈಗ ನನ್ನ ಕಾಲಿಗೆ ಏನು ಬೇಕೋ ಅದನ್ನ ಕೊಡಿ, ಬಣ್ಣ ಹಸಿರಾದ್ರೂ ಪರವಾಗಿಲ್ಲ."

ಡೆಲ್ಬರ್ಟ್ ಮೀಸೆಯೊಳಗೇ ನಕ್ಕ. "ಹಟಮಾರಿಗಳಿಂದಲೇ ನನ್ನ ಅಂಗಡಿ ನಡೀತಿರೋದು. ಕೂತ್ಕೊಮ್ಮ."

ಅಗಲದ ಜೋಡಿ ಬರಲು ವಾರಗಳೇ ಹಿಡಿದವು, ಅವಳು ಕಾದಳು. ಈ ಸಲ ಪೆನ್ಸಿಲ್ಲು ಅಲ್ಲಾಡದೆ ಮಲಗಿತು. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದಿನ ಗೋಡೆಯನ್ನು ಸವರಿತು, ಮೊಣಕಾಲು ಬಗ್ಗಿಸಿದಾಗ ಹಿಂದೆ ಸರಿಯಿತು. ಉಣ್ಣೆಯ ದಪ್ಪ ಕಾಲುಚೀಲವನ್ನು ಡೆಲ್ಬರ್ಟ್ ಪಕ್ಕಕ್ಕೆಸೆದು ತೆಳುವಾದದ್ದೊಂದು ಕೊಟ್ಟ. ಬಿಸಿ ಬೂಟನ್ನು ಕಟ್ಟಿ, ಅದು ತಣ್ಣಗಾಗುವ ತನಕ ಏಳದೆ ಕೂತಿರಲು ಹೇಳಿದ. ಗಿಣ್ಣಿನ ಪಕ್ಕದ ಮೂಳೆ ಒತ್ತುತ್ತದೆ ಎಂದಾಗ ಆ ಜಾಗವನ್ನಷ್ಟೇ ಮತ್ತೆ ಬಿಸಿ ಮಾಡಿ, ಒಂದು ಇಕ್ಕಳದಿಂದ ಒಳಗಿನಿಂದ ಹೊರಕ್ಕೆ ಒತ್ತಿ ಸಣ್ಣ ಗುಳಿ ಮಾಡಿಕೊಟ್ಟ.

"ಇದು ಎಷ್ಟು ವರ್ಷ ಬಾಳತ್ತೆ?"

"ಬೆಲೆ ಜಾಸ್ತಿ ಅಂತ ತಾನಾಗೇ ಜಾಸ್ತಿ ಬಾಳಲ್ಲಮ್ಮ. ಇಂಥ ಹಗುರದ್ದು ಚೆನ್ನಾಗಿ ನೋಡ್ಕೊಂಡ್ರೆ ಮಾತ್ರ ಬಾಳತ್ತೆ. ಆಟ ಮುಗಿದ ತಕ್ಷಣ ಬ್ಲೇಡು ಒರೆಸು, ಒಳಗಿನ ಅಟ್ಟೆ ಹೊರಗೆ ತೆಗೆದು ಆರಿಸು. ಒಲೆ ಹತ್ತಿರ ಮಾತ್ರ ಇಡಬೇಡ."

ಮೊದಲ ದಿನವೇ ಅವಳಿಗೆ ಗೊತ್ತಾಯಿತು. ಇಲ್ಲಿಯ ತನಕ ಹಿಮ್ಮಡಿ ಒಳಗೆ ಎದ್ದೆದ್ದು ಬೀಳುತ್ತಿದ್ದುದರಿಂದ ತಿರುಗುವ ಮೊದಲು ಕಾಲನ್ನು ನಂಬಬಹುದೋ ಇಲ್ಲವೋ ಎಂದು ಒಂದು ಕ್ಷಣ ತಡೆಯುತ್ತಿದ್ದಳು. ಈಗ ಮನಸ್ಸು ತಿರುಗಿದ ಕಡೆ ಬ್ಲೇಡು ತಿರುಗಿತು. ಬಿಡುವಿನಲ್ಲಿ ಅವಳು ದಾರ ಮುಟ್ಟದೆ ಕಾಲ ಮೇಲೆ ಕಾಲು ಹಾಕಿ ಕೂತಳು. ಬರ್ನಡೀನ್ ಸುತ್ತಲೂ ನೋಡಿದಳು. "ಅಯ್ಯೋ, ಇವತ್ತು ಪೂಜೆ ಇಲ್ವಾ? ದೇವರು ಮುನಿಸ್ಕೊಂಡ್ರೆ ಏನ್ಮಾಡೋದು?"

ಮಾರ್ಚಿನ ಪಂದ್ಯಕ್ಕೆ ಪಾಪ್ಲರ್ ಗ್ರೋವಿನ ರಿಂಕು ಎಂಬ ಮಂಜಿನ ಅಂಗಳದ ಸುತ್ತ ಜನ ತುಂಬಿದ್ದರು. ಕ್ಯಾಂಟೀನಿನಲ್ಲಿ ಬೀಟ್‌ರೂಟಿನ ಬೋರ್ಶ್ ಸಾರು ಹಬೆಯಾಡುತ್ತಿತ್ತು. ನೆಸ್ಟರ್ ಹೆಂಡತಿಯ ಕಡೆಯೋ ತಂಗಿಯ ಕಡೆಯೋ ಎಂದು ಜನ ಕೆಣಕಿದರೆ, "ನಾನು ಸ್ಕೇಟಿನ ಕಡೆ. ಎರಡೂ ಜೊತೆ ಮೊದಲು ಕೊಂಡಿದ್ದು ನಮ್ಮ ದುಡ್ಡಲ್ಲೇ" ಎಂದ.

ಲೆಸ್ಯಾ ಆಡಿದ ಮಾತು ಉಳಿಸಿಕೊಂಡಳು. ಮೊದಲ ಅವಧಿಯಲ್ಲೇ ಅತ್ತಿಗೆಯ ಎಡಪಕ್ಕದಿಂದ ನುಸುಳಿ ಗೋಲು ಹೊಡೆದು, ಹಿಂದಿರುಗುವಾಗ, "ಸ್ಕೇಟ್ ಚೆನ್ನಾಗಿದೆ ಅತ್ತಿಗೆ!" ಎಂದು ಕಣ್ಣು ಮಿಟುಕಿಸಿದಳು. ಓರಿಸ್ಯಾ ನಾದಿನಿ ಹೇಗೆ ಭುಜ ಇಳಿಸಿ ಒಂದು ಕಡೆ ತೋರಿಸಿ ಇನ್ನೊಂದು ಕಡೆ ಹೋದಳು ಎಂಬುದನ್ನು ನೆನಪಿಟ್ಟುಕೊಂಡಳು, ಅಷ್ಟೆ.

ಮ್ಯಾಗ್‌ಪೈಗಳು ಎರಡು ಗೋಲು ಹೊಡೆದು ಮುಂದಾದರು. ಆಟ ಮುಗಿಯಲು ಇನ್ನೇನು ಸ್ವಲ್ಪವೇ ಉಳಿದಿದ್ದಾಗ ಲೆಸ್ಯಾ ಮತ್ತೆ ಒಬ್ಬಳೇ ಪಕ್ ಹಿಡಿದು ನುಗ್ಗಿದಳು. ಹಿಮ್ಮುಖವಾಗಿ ಜಾರುತ್ತಿದ್ದ ಓರಿಸ್ಯಾ ಅವಳ ಭುಜ ಇಳಿಯುವುದನ್ನು ಕಂಡಳು. ಯೋಚಿಸಲು ಹೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಸರಕ್ಕನೆ ಮುಂದಕ್ಕೆ ತಿರುಗಿ, ಎರಡೇ ಹೆಜ್ಜೆಗೆ ಅವಳ ಪಕ್ಕ ಬಂದು ಕೋಲು ಚಾಚಿದಳು. ಪಕ್ ಕೋಲಿಗೆ ಬಂತು. ಲೆಸ್ಯಾ ಬರೀ ಕೋಲು ಹಿಡಿದು ಗೋಲಿನತ್ತ ಜಾರಿ ಹೋಗಿ ಬರ್ನಡೀನ್‌ಗೆ ಡಿಕ್ಕಿ ಹೊಡೆದಳು.

"ಬಾರಮ್ಮ, ಬೋರ್ಶ್ ಕುಡಿದು ಹೋಗು" ಎಂದಳು ಬಿದ್ದಲ್ಲಿಂದಲೇ ಬರ್ನಡೀನ್.

ಗಂಟೆ ಹೊಡೆಯಿತು. ಮ್ಯಾಗ್‌ಪೈಗಳು ಗೆದ್ದರು. ಸಾಲಾಗಿ ಕೈಕುಲುಕುವಾಗ ಲೆಸ್ಯಾ ಅತ್ತಿಗೆಯನ್ನು ತಬ್ಬಿಕೊಂಡು ಏದುಸಿರಿನಲ್ಲೇ ಹೇಳಿದಳು: "ನಿಮ್ಮ ಹಳೇ ಸ್ಕೇಟ್ ತಗೊಂಡಿದ್ದು ನನ್ನ ತಪ್ಪು. ನೀವು ಅದ್ರಲ್ಲೇ ಆಡ್ತಾ ಇದ್ದಿದ್ರೆ ಇವತ್ತು ಗೆಲುವು ನಂದೇ!"

ಮುಂದಿನ ವರ್ಷಗಳಲ್ಲಿ ಓರಿಸ್ಯಾ ಬಸ್ಸಿಗಿಂತ ಹೆಚ್ಚಾಗಿ ಆ ಸ್ಕೇಟುಗಳನ್ನು ನೋಡಿಕೊಂಡಳು. ಒಮ್ಮೆ ಬಿರುಸಾಗಿ ಬಂದ ಪಕ್‌ಗೆ ಕಾಲೊಡ್ಡಿದಾಗ ಬೂಟಿನ ಹೊರಮೈಯಲ್ಲಿ ಚಕ್ಕೆ ಎದ್ದಿತು, ಒಳಗಿನ ಕಾಲು ಬರೀ ಕಂದಿತು. ಬ್ಲೇಡುಗಳು ಸಾಣೆ ಹಿಡಿದು ಹಿಡಿದು ಸವೆದು ಬೇರೆಯವು ಬಂದವು, ಬೂಟು ಅದೇ ಇತ್ತು. ಲೆಸ್ಯಾ ತನ್ನವನ್ನು ಒದ್ದೆಯಾಗಿಯೇ ಪಿಕಪ್ಪಿನ ಹಿಂದೆ ಎಸೆಯುತ್ತಿದ್ದಳು. ಮೂರನೆಯ ಚಳಿಗಾಲಕ್ಕೆ ಬ್ಲೇಡು ಹಿಡಿದಿಟ್ಟ ರಿವೆಟ್ ಮೊಳೆಗಳು ತುಕ್ಕು ಹಿಡಿದು ಬಿಟ್ಟುಕೊಂಡವು. ಆಗ ಅತ್ತಿಗೆಯೇ ಅವಳನ್ನು ಡೆಲ್ಬರ್ಟನ ಬಳಿಗೆ ಕರೆದುಕೊಂಡು ಹೋದಳು, ದಾರಿಯುದ್ದಕ್ಕೂ ಬೈದಳು.

ಹೇಜಲ್‌ಡೀನಿನಲ್ಲಿ ಜನ ಕಡಿಮೆಯಾಗಿ ಅಲ್ಲಿನ ತಂಡ ಮುಚ್ಚಿದ ಮೇಲೆ ಲೆಸ್ಯಾ ಮ್ಯಾಗ್‌ಪೈಗಳನ್ನು ಸೇರಿಕೊಂಡಳು. ಈಗ ಓರಿಸ್ಯಾ ಬಸ್ಸಿನ ಕೆಲಸದಿಂದ ನಿವೃತ್ತಳು, ಅರವತ್ತು ದಾಟಿದೆ. ಹಿಂದಿನಿಂದ ಅವಳು ಪಕ್ ಕೊಡುತ್ತಾಳೆ, ಮುಂದೆ ಲೆಸ್ಯಾ ಓಡುತ್ತಾಳೆ. ಪ್ರತಿ ಗುರುವಾರ ರಿಂಕಿನ ತುಂಬ ಅವರಿಬ್ಬರದೇ ಸದ್ದು.

"ಅತ್ತಿಗೆ, ಸ್ವಲ್ಪ ಬೇಗ ಕೊಡ್ಬಾರ್ದಾ?"

"ಕೊಟ್ಟಾಯ್ತು ಕಣೇ, ಮಾತಾಡ್ತಾ ನಿಂತ್ಕೋಬೇಡ, ಓಡು!"