ಮನೆ ಸಾಗಿಸುತ್ತಿದ್ದ ಅಕ್ಕ

ಅಕ್ಕನ ನಡುನೆತ್ತಿಯಲ್ಲಿ ಕೂದಲಿರಲಿಲ್ಲ. ಅಂಗೈಯಷ್ಟು ಅಗಲದ, ಉಜ್ಜಿ ಉಜ್ಜಿ ಹೊಳಪು ಬಂದ ಜಾಗ. ಸುತ್ತಲಿನ ಕೂದಲನ್ನು ಅದರ ಮೇಲೆ ಎಳೆದು ಗಂಟು ಹಾಕಿ, ಸೆರಗು ಹೊದ್ದುಕೊಳ್ಳುತ್ತಿದ್ದಳು. ಹೊರೆ ಇಳಿಸಿ ಬೆವರು ಒರೆಸಿಕೊಳ್ಳುವಾಗ ಮಾತ್ರ ಅದು ಕಾಣುತ್ತಿತ್ತು. ಹಳೆ ಸೀರೆಯ ತುಂಡನ್ನು ಸುತ್ತಿ ಮಾಡಿದ ಸಿಂಬೆ ಇಪ್ಪತ್ತು ವರ್ಷ ಕೂತು ಎದ್ದು ಮಾಡಿದ ಗುರುತು ಅದು.

ಚಿತ್ರದುರ್ಗದಲ್ಲಿ ಬೆಟ್ಟದ ಬುಡಕ್ಕೆ ಅಂಟಿಕೊಂಡಿದ್ದ ನಮ್ಮ ಓಣಿಗೆ ಗಾಡಿ ಬರುತ್ತಿರಲಿಲ್ಲ. ಕೆಳಗೆ ಬೇವಿನ ಮರದ ಹತ್ತಿರ ರಸ್ತೆ ಮುಗಿದು ಮೆಟ್ಟಿಲು ಶುರುವಾಗುತ್ತಿತ್ತು. ಮೇಲೆ ಮನೆ ಕಟ್ಟುವವರ ಮರಳು, ಇಟ್ಟಿಗೆ, ಸಿಮೆಂಟು ಎಲ್ಲವೂ ಯಾರದೋ ತಲೆಯ ಮೇಲೇ ಹತ್ತಬೇಕು. ಅಕ್ಕ ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಕಡೆಯವಳು. ಗಂಡನ ಜೊತೆ ಗಾರೆ ಕೆಲಸಕ್ಕೆ ಬಂದವಳು, ಅವನು ತೀರಿಕೊಂಡ ಮೇಲೆ ಸಣ್ಣ ಮಗಳನ್ನು ಕಟ್ಟಿಕೊಂಡು ಇಲ್ಲೇ ಉಳಿದಳು. ಮೊದಮೊದಲು ಬಾಂಡ್ಲಿಯಲ್ಲಿ ಮರಳು ಹೊತ್ತಳು. ಆಮೇಲೆ ಬಾಡಿಗೆ ಮನೆ ಬದಲಿಸುವವರು ಪಾತ್ರೆ ಪಡಗ ಹೊರಲು ಕರೆದರು. ಕೊನೆಗೆ ಆ ಓಣಿಗಳಲ್ಲಿ ಯಾರು ಮನೆ ಬದಲಿಸಿದರೂ ಅವಳನ್ನು ಕೇಳದೆ ದಿನ ಗೊತ್ತು ಮಾಡುತ್ತಿರಲಿಲ್ಲ.

ಅವಳದೊಂದು ಪದ್ಧತಿಯಿತ್ತು. ಎರಡು ದಿನ ಮೊದಲೇ ಬಂದು ಮನೆಯನ್ನೆಲ್ಲ ಒಮ್ಮೆ ಸುತ್ತಿ ನೋಡುವಳು. ನೋಡಿ ಮುಗಿಯುವ ತನಕ ಟೀ ಕೊಟ್ಟರೂ ಮುಟ್ಟುತ್ತಿರಲಿಲ್ಲ. ಅಟ್ಟದ ಮೇಲೇನಿದೆ, ಮಂಚದ ಕಾಲು ಕಳಚುತ್ತದೆಯೇ, ಹೊಸ ಮನೆಯ ಬಾಗಿಲು ಎಷ್ಟು ಅಗಲ ಎಂದು ವಿಚಾರಿಸುವಳು. ಆಮೇಲೆ ಹೊಸ್ತಿಲ ಬಳಿ ಕುಂತು, ಯಾವುದು ಸಾಗಿಸಲು ಯೋಗ್ಯ, ಯಾವುದನ್ನು ಗುಜರಿಗೆ ಹಾಕಿದರೆ ಲಾಭ ಎಂದು ಹೇಳುವಳು. ಬಿಸಿಲು ಏರಿದರೆ ಬಂಡೆ ಕಾದು ಮೆಟ್ಟಿಲ ಮೇಲೆ ಕಾಲಿಡಲಾಗುವುದಿಲ್ಲವೆಂದು ಬೆಳಗ್ಗೆ ಆರಕ್ಕೇ ಶುರು ಮಾಡಿಸುವಳು. ಸಾವಾಗಿ ಖಾಲಿ ಮಾಡುವ ಮನೆಯಾದರೆ ಮಾತ್ರ ಯಾರೂ ಕರೆಯದೆ ಬಂದು, ಸಾಮಾನು ಹೊತ್ತು ಕೊಟ್ಟು, ಕೂಲಿ ಮುಟ್ಟದೆ ಹೋಗುವಳು.

ಮದುವೆಯಾದ ವರ್ಷ ನಾವು ಆ ಓಣಿಯ ಮೇಲಿನ ಮನೆಗೆ ಬಂದಾಗ ಸಾಮಾನು ಹೊತ್ತವಳು ಅವಳೇ. ನಾನು ಖಾಸಗಿ ಶಾಲೆಯೊಂದರಲ್ಲಿ ಟೀಚರು. ನಮ್ಮವರು ಹೊಳಲ್ಕೆರೆಯ ಮಾರುಕಟ್ಟೆಯಲ್ಲಿ ಅಡಿಕೆ ವ್ಯಾಪಾರಿಯೊಬ್ಬರ ಬಳಿ ಗುಮಾಸ್ತರು, ದಿನಾ ಬಸ್ಸಿನಲ್ಲಿ ಹೋಗಿ ಬರುವವರು. ಮೊದಲು ಮಂಚ ಹೋಗಲಿ ಎಂದು ನಾನು ಹೇಳಿದಾಗ ಅಕ್ಕ ಒಪ್ಪಲಿಲ್ಲ.

"ಒಲೆ ಮೊದ್ಲು ಹೋಗ್ಲಿ ಮೇಡಮ್ಮ. ನಿದ್ದೆ ಬಂದೋರು ನೆಲದ ಮ್ಯಾಲೂ ಮಲಗ್ತಾರೆ. ಹಸಿದೋರು ಜಗಳಾಡ್ತಾರೆ."

ಅವತ್ತಿನಿಂದ ಇಟ್ಟಿಗೆ ಹೊತ್ತು ಹೋಗುವಾಗಲೆಲ್ಲ ನಮ್ಮ ಬಾಗಿಲಲ್ಲಿ ನಿಂತು ನೀರು ಕುಡಿಯುವುದು ರೂಢಿಯಾಯಿತು. ನಾನು ಅವಳ ಬ್ಯಾಂಕಿನ ಪುಸ್ತಕ ಓದಿ ಹೇಳುತ್ತಿದ್ದೆ. ಅವಳು ನನಗೆ ಓಣಿಯ ಸುದ್ದಿ ಹೇಳುತ್ತಿದ್ದಳು. ಹೆರಿಗೆಗೆ ಇನ್ನೂ ಹದಿನೈದು ದಿನವಿದೆ ಎನ್ನುವಾಗ ಒಂದು ಮಧ್ಯಾಹ್ನ ನನಗೆ ನೋವು ಶುರುವಾಯಿತು. ನಮ್ಮವರು ಹೊಳಲ್ಕೆರೆಯಲ್ಲಿದ್ದರು. ನನ್ನ ದನಿ ಕೇಳಿ ಅಕ್ಕ ತಲೆಯ ಮೇಲಿದ್ದ ಮರಳನ್ನು ದಾರಿಯಲ್ಲೇ ಸುರಿದು ಓಡಿ ಬಂದಳು. ನನ್ನ ಒಂದು ಕೈಯನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ಒಂದೊಂದೇ ಮೆಟ್ಟಿಲು ಇಳಿಸಿದಳು. ನೋವು ಬಂದಾಗ "ಕುಂತ್ಕಳ್ರಿ, ಉಸ್ರು ಬಿಡ್ರಿ" ಎನ್ನುವಳು. ಅದು ಕಡಿಮೆಯಾದರೆ "ಈಗ ಹೋಗಾಣ" ಎನ್ನುವಳು. ಕಾದ ಕಲ್ಲಿನ ಮೇಲೆ ನಾನು ಕೂರುವ ಮೊದಲು ತನ್ನ ಸಿಂಬೆ ಬಿಚ್ಚಿ ಹಾಸುತ್ತಿದ್ದಳು. ಅರ್ಧ ಗಂಟೆ ಹಿಡಿಯಿತು. ಆಸ್ಪತ್ರೆಯಲ್ಲಿ ಮಗನನ್ನು ಮೊದಲು ಎತ್ತಿಕೊಂಡವಳೂ ಅವಳೇ. ಮರುದಿನ ಬಂದು, ಸುರಿದ ಮರಳಿನ ಕೂಲಿಯನ್ನು ಮೇಸ್ತ್ರಿ ಹಿಡಿದನೆಂದು ನಗುತ್ತ ಹೇಳಿದಳು.

ಮಗನಿಗೆ ಏಳು ತುಂಬಿದಾಗ ಆ ಮನೆಯ ಮಾಲೀಕರು ಮನೆ ಮಾರುತ್ತೇವೆ, ತಿಂಗಳೊಳಗೆ ಬಿಡಿ ಎಂದರು. ಕೆಳಗೆ ರಸ್ತೆಯ ಪಕ್ಕದಲ್ಲೇ ಒಂದು ಮನೆ ಸಿಕ್ಕಿತು. ಬಾಡಿಗೆಯೂ ಅಡ್ವಾನ್ಸೂ ಹೆಚ್ಚು, ಆದರೆ ಮೆಟ್ಟಿಲ ಕಾಟ ತಪ್ಪುತ್ತದೆ ಎಂದು ಒಪ್ಪಿಕೊಂಡೆವು. ಖರ್ಚು ಹಿಡಿತದಲ್ಲಿರಬೇಕೆಂದು ನಾನು ಒಂದು ಹಾಳೆಯಲ್ಲಿ ಎಲ್ಲ ಬರೆದಿಟ್ಟೆ: ಅಡ್ವಾನ್ಸು, ಸುಣ್ಣ ಬಣ್ಣ, ಬೇವಿನ ಮರದಿಂದ ಮುಂದಕ್ಕೆ ಲಗೇಜ್ ಆಟೊ, ಅಕ್ಕನ ಮತ್ತು ಅವಳ ಜೊತೆಗಾತಿಯ ಕೂಲಿ. ಅಕ್ಕ ಎಂದಿನಂತೆ ಬಂದು ಮನೆ ಸುತ್ತಿ ನೋಡಿದಳು. ನನ್ನ ತವರಿನವರು ಮದುವೆಗೆ ಕೊಟ್ಟಿದ್ದ ಕಬ್ಬಿಣದ ಬೀರುವಿನ ಮುಂದೆ ನಿಂತು ಅದನ್ನೊಮ್ಮೆ ಅಲುಗಿಸಿದಳು. ಅದನ್ನು ಹತ್ತಿಸುವಾಗ ನನ್ನ ಅಣ್ಣಂದಿರು ನಾಲ್ವರಿದ್ದರು.

"ಇದು ಹೆಂಗಸ್ರಿಗೆ ಬಗ್ಗೋದಲ್ಲ. ಮಂಡಿಯಿಂದ ಇಬ್ರು ಹಮಾಲ್ರನ್ನ ಕರಸ್ರಿ, ಹಗ್ಗ ಅವ್ರೇ ತರ್ತಾರೆ. ಬ್ಯಾರೆ ಎಲ್ಲದ್ರಾಗೂ ಉಳುಸ್ರಿ ಮೇಡಮ್ಮ, ಇದ್ರಾಗೆ ಮಾತ್ರ ಬ್ಯಾಡ."

ಹಾಳೆಯಲ್ಲಿ ಅದನ್ನೂ ಬರೆದೆ. ಹಣವನ್ನೂ ತೆಗೆದಿಟ್ಟೆ.

ಹೊಸ ಮನೆಯ ಕಿಟಕಿಗಳು ರಸ್ತೆಗೇ ಇದ್ದವು. ಹೋಗಿ ಬರುವವರಿಗೆ ಒಳಗಿನ ಕೋಣೆಯವರೆಗೂ ಕಾಣುತ್ತಿತ್ತು. ಸಾಗಿಸುವ ಮೂರು ದಿನ ಮೊದಲು ಅಂಗಡಿಯಲ್ಲಿ ನೀಲಿ ಹೂವಿನ ಪರದೆ ನೋಡಿದೆ. ಅದಕ್ಕೆ ಹಣ ಬೇರೆ ಇರಲಿಲ್ಲ. ಮನೆಗೆ ಬಂದು ಹಾಳೆ ತೆಗೆದು ನೋಡಿದೆ. ಅಡ್ವಾನ್ಸನ್ನು ಹೊಡೆದುಹಾಕುವಂತಿಲ್ಲ, ಆಟೊ ಹೊಡೆದುಹಾಕುವಂತಿಲ್ಲ. ಹಮಾಲರ ಸಾಲಿನ ಮೇಲೆ ಗೀಟು ಎಳೆದೆ. ನಮ್ಮವರು ಒಂದು ಕಡೆ ಹಿಡಿದರೆ ಹೇಗೋ ಆಗುತ್ತದೆ ಅಂದುಕೊಂಡೆ. ನಮ್ಮವರಿಗೆ ಹೇಳಲಿಲ್ಲ. ಅಕ್ಕನಿಗೂ ಹೇಳಲಿಲ್ಲ.

ಆ ಬೆಳಗ್ಗೆ ಒಲೆ, ಪಾತ್ರೆ, ಹಾಸಿಗೆ ಎಲ್ಲ ಇಳಿದವು. ಜೊತೆಗಾತಿ ಆಟೊದ ಜೊತೆ ಹೊಸ ಮನೆಗೆ ಹೋದಳು. ಒಂಬತ್ತರ ಹೊತ್ತಿಗೆ ಅಕ್ಕ ಹಮಾಲರು ಎಲ್ಲಿ ಎಂದು ಕೇಳಿದಳು.

"ಅವರು ಕೈ ಕೊಟ್ಟರಕ್ಕ. ಬರಲ್ಲ ಅಂತ ಈಗ ಫೋನು ಬಂತು" ಎಂದೆ.

ಅಕ್ಕ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ನಾಳೆ ತಗೊಂಡು ಹೋದರಾಗದೇ ಎಂದಳು. ಮಧ್ಯಾಹ್ನದೊಳಗೆ ಬೀಗದ ಕೈ ಒಪ್ಪಿಸಬೇಕು ಎಂದೆ. ಅದೊಂದು ನಿಜ. ಅವಳು ಮತ್ತೇನೂ ಕೇಳದೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಇಳಿಯುವಾಗ ಭಾರವೆಲ್ಲ ಕೆಳಗಿನವರ ಮೇಲೇ ಬೀಳುತ್ತದೆ. ನಮ್ಮವರು ಕೆಳಗೆ ನಿಲ್ಲಲು ಹೋದರು. ಅಭ್ಯಾಸವಿಲ್ಲದವರು ಕೆಳಗಿರಬಾರದೆಂದು ಅವರನ್ನು ಮೇಲಕ್ಕೆ ಕಳಿಸಿ, ಕೆಳಭಾಗವನ್ನು ತಾನೇ ಹಿಡಿದಳು.

ಓಣಿ ಬಲಕ್ಕೆ ತಿರುಗುವಲ್ಲಿ ಮೆಟ್ಟಿಲು ಕಿರಿದಾಗುತ್ತದೆ. ಅಲ್ಲಿ ನಮ್ಮವರ ಕೈ ಜಾರಿತು. ಬೀರು ಬಿಟ್ಟು ಪಕ್ಕಕ್ಕೆ ಸರಿಯಲು ಅಕ್ಕನಿಗೆ ಜಾಗವಿತ್ತು. ಆದರೆ ಹತ್ತು ಮೆಟ್ಟಿಲು ಕೆಳಗೆ ನನ್ನ ಮಗ ನಿಂತು ನೋಡುತ್ತಿದ್ದ. ಅವಳು ಬಿಡಲಿಲ್ಲ. ಬೆನ್ನು ಕೊಟ್ಟು ಕುಸಿದು, ಅದನ್ನು ಗೋಡೆಗೆ ಒತ್ತಿ ನಿಲ್ಲಿಸಿದಳು. ಅವಳ ಬಾಯಿಂದ ಸಣ್ಣದೊಂದು ಶಬ್ದ ಬಂತು, ಅಷ್ಟೇ. ಓಣಿಯ ಗಂಡಸರು ಓಡಿ ಬಂದು ಬೀರು ಹಿಡಿದರು. ಸ್ವಲ್ಪ ಹೊತ್ತು ಕೂತಿದ್ದು, ನೀರು ಕುಡಿದು, ಅವಳು ಮತ್ತೆ ಎರಡು ಸಲ ಹತ್ತಿ ಇಳಿದಳು. ಕೂಲಿ ಕೊಡುವಾಗ ನಾನು ಸ್ವಲ್ಪ ಹೆಚ್ಚು ಕೊಡಲು ಹೋದೆ. ಮಾತಾಡಿದ್ದಷ್ಟನ್ನೇ ತೆಗೆದುಕೊಂಡು ಹೋದಳು.

ಮರುದಿನ ಅವಳು ಚಾಪೆಯಿಂದ ಏಳಲಿಲ್ಲ. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಬೆನ್ನಿನ ಮೂಳೆ ಕುಸಿದಿದೆ, ಇನ್ನು ತಲೆಯ ಮೇಲೆ ಒಂದು ಬಿಂದಿಗೆಯನ್ನೂ ಹೊರಬಾರದು ಎಂದರು. ತಿಂಗಳು ಕಳೆದ ಮೇಲೆ, ಮದುವೆಯಾಗಿ ಹಿರಿಯೂರಿನಲ್ಲಿದ್ದ ಮಗಳು ಬಂದು ಕರೆದುಕೊಂಡು ಹೋದಳು. ಅಕ್ಕನ ಮನೆಯನ್ನು ಸಾಗಿಸುವಾಗ ನಾನೂ ಹೋಗಿದ್ದೆ. ಒಂದು ಟ್ರಂಕು, ಎರಡು ಬಿಂದಿಗೆ, ಒಂದು ಗಂಟು. ಅದಕ್ಕೆ ಎರಡು ದಿನದ ಯೋಚನೆ ಬೇಕಿರಲಿಲ್ಲ.

ನಾಲ್ಕಾರು ತಿಂಗಳಿಗೊಮ್ಮೆ ಹಿರಿಯೂರಿಗೆ ಹೋಗಿ ನೋಡಿಕೊಂಡು ಬರುತ್ತಿದ್ದೆ. ಹಣ್ಣು, ಮಾತ್ರೆ, ಒಂದಿಷ್ಟು ದುಡ್ಡು. ಪ್ರತಿ ಸಲವೂ ಹೇಳಬೇಕೆಂದು ಹೋಗಿ ಹೇಳದೆ ಬರುತ್ತಿದ್ದೆ. ಒಂದು ಸಲ ಮಗಳು ನೀರಿಗೆ ಹೋಗಿದ್ದಳು. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಅಂದು ಹೇಳಿದೆ.

"ಅಕ್ಕ, ಆ ಹಮಾಲರಿಗೆ ನಾನು ಹೇಳೇ ಇರಲಿಲ್ಲ."

"ಗೊತ್ತು ಬಿಡ್ರಿ ಮೇಡಮ್ಮ. ಹಿಂದಿನ ದಿನ ಮಂಡಿಗೋಗಿ ಹಮಾಲ್ರನ್ನ ಕೇಳಿದ್ದೆ. ನಮಗ್ಯಾರೂ ಹೇಳಿಲ್ಲ ಅಂದ್ರು."

"ಗೊತ್ತಿದ್ದೂ ಯಾಕಕ್ಕ ಎತ್ತಿದೆ?"

ಅವಳು ತನ್ನ ಕೈ ಬೆರಳುಗಳನ್ನು ನೋಡಿಕೊಳ್ಳುತ್ತ ಮೆಲ್ಲಗೆ ಹೇಳಿದಳು. "ನೀವು ಸುಳ್ಳು ಹೇಳೋರಲ್ಲ. ಹೇಳಿದ್ರಿ ಅಂದ್ರೆ ಕೈ ಎಷ್ಟು ಬಿಗಿಯಾಗೈತೋ ಏನೋ ಅನ್ಸ್ತು. ಯಜಮಾನ್ರ ಮುಂದೆ ಕೇಳಿ ನಿಮ್ಮ ಮುಖ ಯಾಕೆ ಸಣ್ಣ ಮಾಡ್ಲಿ ಅಂತ ಎತ್ತಿದೆ."

ನನ್ನ ಕೈ ಅಷ್ಟೇನೂ ಬಿಗಿಯಾಗಿರಲಿಲ್ಲ. ಆ ದುಡ್ಡು ನಮ್ಮ ಕಿಟಕಿಯಲ್ಲಿ ನೀಲಿ ಹೂವಾಗಿ ತೂಗುತ್ತಿದೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಗಳ ಹೆಜ್ಜೆ ಸಪ್ಪಳ ಕೇಳಿತು. ಅದು ಕೇಳಿಸಿದ್ದಕ್ಕೆ ನನಗೆ ಸಮಾಧಾನವೇ ಆಯಿತೆಂಬುದನ್ನೂ ಇಲ್ಲಿ ಬರೆಯಬೇಕು.

ಹೋದ ಚಳಿಗಾಲದಲ್ಲಿ ಅಕ್ಕನಿಗೆ ಜ್ವರ ಬಂದು ಎದೆ ಕಟ್ಟಿತಂತೆ. ಮಲಗಿದಲ್ಲೇ ಇದ್ದವಳು ಮೂರು ದಿನಕ್ಕೇ ಹೋದಳು. ನನ್ನ ಫೋನಿನ ನಂಬರು ಬದಲಾಗಿತ್ತು. ಸುದ್ದಿ ಯಾರ ಯಾರ ಮೂಲಕವೋ ತಲುಪುವಾಗ ಮಣ್ಣು ಮುಗಿದಿತ್ತು. ಹನ್ನೊಂದನೆಯ ದಿನ ಹೋದೆ. ಬಂದವರು ಹೆಚ್ಚಿರಲಿಲ್ಲ. ಮಗಳು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ತನ್ನ ಅತ್ತೆಗೆ ನನ್ನನ್ನು ತೋರಿಸಿದಳು.

"ದುರ್ಗದ ಮೇಡಮ್ಮ ಇವ್ರೇ ಅತ್ತೆ. ಇಪ್ಪತ್ತು ವರ್ಸ ಎಷ್ಟು ಜನದ ಮನೆ ಹೊತ್ತಳು ನಮ್ಮವ್ವ. ಬಿದ್ದ ಮ್ಯಾಲೆ ನೋಡಾಕೆ ಬಂದೋರು ಇವ್ರೊಬ್ರೇ."

ಹೇಗೆ ಬಿದ್ದಳು ಎಂದು ಆ ಅತ್ತೆ ಕೇಳಿದರು. ಯಾರದೋ ಮನೆಗೆ ಇಟ್ಟಿಗೆ ಹೊರುವಾಗ ಕಾಲು ಜಾರಿತಂತೆ, ತನ್ನದೇ ತಪ್ಪು ಅಂತಿದ್ದಳು ಎಂದು ಮಗಳು ಹೇಳಿದಳು. ಅಕ್ಕ ಹಡೆದ ಮಗಳಿಗೂ ಹೇಳಿರಲಿಲ್ಲ. ಆ ಕೋಣೆಯಲ್ಲಿ ನಿಜ ಗೊತ್ತಿದ್ದವಳು ನಾನೊಬ್ಬಳೇ. ಹಮಾಲರ ದುಡ್ಡಿನ ವಿಷಯ ನಮ್ಮವರಿಗೂ ಇದನ್ನು ಓದಿದಾಗಲೇ ಗೊತ್ತಾಗುವುದು.

"ಕುಂತ್ಕಳ್ರಿ ಮೇಡಮ್ಮ, ದೂರದಿಂದ ಬಂದೀರಿ" ಎಂದು ಮಗಳು ಮೊದಲನೆಯ ಎಲೆಯನ್ನು ನನಗೇ ಹಾಕಿದಳು. ಪಾಯಸವನ್ನು ಎರಡು ಸಲ ಬಡಿಸಿದಳು. ನಾನು ತಲೆ ತಗ್ಗಿಸಿ ಉಂಡೆ.