ಒಂದು ಕಂಡಿಕೆಯಷ್ಟು ಆಟ

ಟ್ರಂಕಿನ ತಳದಿಂದ ಆ ಸೀರೆ ತೆಗೆದಾಗ ಮೊದಲು ಬಂದದ್ದು ಗಂಜಿಯ ವಾಸನೆ. ನುಸಿಗುಳಿಗೆಯ ಘಾಟನ್ನೂ ಮೀರಿ ಬಂತು. ಮಗ್ಗದಿಂದ ಇಳಿದ ಸೀರೆಗೆ ಮೊದಲ ನೀರು ಬೀಳುವ ತನಕ ಮಾತ್ರ ಇರುವ ವಾಸನೆ ಅದು. ಇಪ್ಪತ್ತು ವರ್ಷ ದಾಟಿದ ಮೇಲೂ ಉಳಿದಿದೆ ಎಂದರೆ ಏನರ್ಥ ಎಂದು ಬನಹಟ್ಟಿಯ ಯಾವ ಹೆಣ್ಣುಮಗಳಾದರೂ ಹೇಳಿಬಿಡುತ್ತಾಳೆ. ನಾನು ಅದನ್ನು ಕೊನೆಗೆ ಹೇಳುತ್ತೇನೆ, ಯಾಕೆಂದರೆ ನನಗೆ ನಾಚಿಕೆ ಇದೆ.

ಸೀರೆ ಕೆಂಪು. ಒಡಲಿನ ನಡುವೆ, ಒಂದು ಸುಳಿವೂ ಇಲ್ಲದೆ, ಒಂದು ಗೇಣಿನಷ್ಟು ಹಸಿರು ಪಟ್ಟಿ. ಆಮೇಲೆ ಮತ್ತೆ ಕೆಂಪು. ನೇಯುವವರ ತಲೆ ಎಲ್ಲಿತ್ತು ಎಂದು ಕೇಳಬೇಕು, ಹಾಗಿದೆ.

ಟ್ರಂಕಿಗೆ ಕೈ ಹಾಕಿಸಿದ್ದು ನನ್ನ ಮಗಳು. ಜಮಖಂಡಿಯಲ್ಲಿ ಕಾಲೇಜು ಓದುತ್ತಾಳೆ. ಅವಳೂ ಅವಳ ಗೆಳತಿಯರೂ ಸೇರಿ ಕಾಲೇಜಿನ ಪ್ರದರ್ಶನಕ್ಕೆಂದು ಮೊಬೈಲಿನಲ್ಲಿ ಆಡುವ ಒಂದು ಆಟ ಮಾಡಿದ್ದಾರೆ. ಸೈಕಲ್ ಮೇಲೆ ಒಬ್ಬ ಹುಡುಗಿ, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ದಾರಿ ಮಾಡಿಕೊಂಡು, ಗಂಟೆ ಹೊಡೆಯುವುದರೊಳಗೆ ಸಾಲಿ ಮುಟ್ಟಬೇಕು. ಬಣ್ಣ ಬಲು ಚಂದ. ಆಡಿ ನೋಡು ಎಂದು ಕೈಗೆ ಕೊಟ್ಟಳು. ಮೂರು ಸಲ ಆಡಿದೆ, ಮೂರೂ ಸಲ ಬಿದ್ದೆ. ಯಾಕೆ ಬಿದ್ದೆ ಎಂದು ಕೇಳಿದರೆ, "ಹಂಗ ಒಮ್ಮೊಮ್ಮೆ ಬೀಳಸ್ತೈತಿ ಅವ್ವಾ, ಇಲ್ಲಾಂದ್ರ ಭಾಳ ಸಸಾರ ಆಕ್ಕೈತಿ" ಅಂದಳು.

ನನಗೆ ಸಿಟ್ಟು ಬಂತು. ಎಳೆ ಹರಿದರೆ ಎಲ್ಲಿ ಹರಿಯಿತು ಎಂದು ಮಗ್ಗ ತೋರಿಸುತ್ತದೆ. ಕಾರಣ ತೋರಿಸದೆ ಬೀಳಿಸುವುದು ಆಟವಲ್ಲ, ಬರೀ ಪೀಡೆ ಎಂದು ಒಂದೇ ಉಸಿರಿಗೆ ಹೇಳಿದೆ. ಮಗಳು ಬಾಯಿ ತೆರೆದು ನೋಡಿದಳು. ಅವಳು ನೋಡಿದ್ದು ಸರಿಯೇ. ನಾನು ಮಗ್ಗದ ಮನೆಯವಳೂ ಅಲ್ಲ, ಆಟ ಬಲ್ಲವಳೂ ಅಲ್ಲ. ಆ ಮಾತು ನನ್ನದಲ್ಲ. ಬಾಜೂ ಮನೆಯ ಕಾಕುವಿನದು, ನನಗೆ ಚಿಕ್ಕಮ್ಮನಂತಿದ್ದವಳದು.

ಮದುವೆಯಾಗಿ ಬನಹಟ್ಟಿಗೆ ಬಂದಾಗ ನನಗೆ ಇಪ್ಪತ್ತು. ತವರು ಬೀಳಗಿ, ಅಪ್ಪ ಕಚೇರಿಯ ನೌಕರ, ಮನೆಯಲ್ಲಿ ಗಡಿಯಾರದ ಸದ್ದೇ ದೊಡ್ಡ ಸದ್ದು. ಇಲ್ಲಿ ನೋಡಿದರೆ ಅಡುಗೆಮನೆಯ ಗೋಡೆಯ ಆಚೆಗೇ ಬಾಜೂ ಮನೆಯವರ ನಾಲ್ಕು ವಿದ್ಯುತ್ ಮಗ್ಗ. ಖಟ್‌ಪಟ್ ಖಟ್‌ಪಟ್ ಎಂದು ಸುರುವಾದರೆ ಡಬ್ಬಿಯೊಳಗಿನ ಸಾಸಿವೆ ಕೂಡ ಕುಣಿಯುತ್ತಿತ್ತು. ಗಂಡ ಬೆಳಿಗ್ಗೆಯೇ ಗಾಡಿ ಹತ್ತಿ ಸಮೀರವಾಡಿಗೆ ಕೆಲಸಕ್ಕೆ ಹೋಗುತ್ತಿದ್ದರು. ಅತ್ತೆ ಆ ಸದ್ದಿನಲ್ಲೇ ಸುಖವಾಗಿ ಗೊರಕೆ ಹೊಡೆಯುತ್ತಿದ್ದರು. ನಾನೊಬ್ಬಳೇ ತಲೆ ಹಿಡಿದುಕೊಂಡು ಕೂತಿರುತ್ತಿದ್ದೆ. ಒಂದು ಮಧ್ಯಾಹ್ನ ತಡೆಯಲಾರದೆ, ಒಂದು ತಾಸು ಮಗ್ಗ ನಿಲ್ಲಿಸಿ ಎಂದು ಕೇಳಲು ಬಾಜೂ ಮನೆಗೆ ಹೊರಟೆ. ನನ್ನ ಧೈರ್ಯ ನೋಡಿ! ಬನಹಟ್ಟಿಯಲ್ಲಿ ಮಗ್ಗ ನಿಲ್ಲಿಸಿ ಎಂದರೂ ಒಂದೇ, ಒಲೆ ಆರಿಸಿ ಎಂದರೂ ಒಂದೇ.

ಒಳಗೆ ಹೋದರೆ ನಲವತ್ತೈದು ದಾಟಿದ ಒಬ್ಬ ಹೆಂಗಸು ಟಿವಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಕೂದಲ ತುಂಬ ನೂಲಿನ ಧೂಳು, ಹಣೆಯ ತುಂಬ ಕುಂಕುಮ, ಕೈಯಲ್ಲಿ ಗುಂಡಿಗಳಿರುವ ಒಂದು ಪುಟ್ಟ ಪೆಟ್ಟಿಗೆ. ತಿರುಗಿಯೂ ನೋಡಲಿಲ್ಲ.

"ಬಾ, ಕುಂಡ್ರು. ಇವನ್ನ ಒಂದು ಗ್ವಾಡಿ ದಾಟಸ್ತೇನಿ, ಆಮ್ಯಾಲ ಮಾತಾಡೂಣು."

ಕೂತೆ. ಕೇಳಲು ಬಂದ ಮಾತು ಅಂದೇ ಮರೆತುಹೋಯಿತು. ಅವಳು ನನಗೆ ಕಾಕು ಆದದ್ದು ಹೀಗೆ. (ಅವಳು ಇವಳು ಎನ್ನುತ್ತೇನೆಂದು ಯಾರೂ ತಪ್ಪು ತಿಳಿಯಬೇಡಿ. ಹತ್ತಿರದವರಿಗೆ ಬಹುವಚನ ಹಚ್ಚಿದರೆ ಅವರೇ ಸಿಟ್ಟಾಗುತ್ತಾರೆ, ನಮ್ಮ ಕಡೆ.)

ಆ ವಿಡಿಯೋ ಗೇಮಿನ ಪೆಟ್ಟಿಗೆ ಕಾಕುವಿನದಲ್ಲ. ಜಮಖಂಡಿಯಲ್ಲಿ ನೌಕರಿಯಲ್ಲಿದ್ದ ಅವಳ ಮೈದುನ ತನ್ನ ಮಗನಿಗೆಂದು ಕೊಂಡದ್ದು. ಮಗ ಹತ್ತನೆಯ ಇಯತ್ತೆಗೆ ಬಂದಾಗ, ಕಣ್ಣೆದುರು ಇದ್ದರೆ ಓದುವುದಿಲ್ಲ ಎಂದು ತಂದು ಅಣ್ಣನ ಮನೆಯಲ್ಲಿ ಅಡಗಿಸಿಟ್ಟಿದ್ದ. ಪರೀಕ್ಷೆ ಮುಗಿಯುವ ತನಕ ಅದಕ್ಕೆ ಬನಹಟ್ಟಿಯಲ್ಲಿ ವನವಾಸ. ಅದನ್ನು ಅಟ್ಟದ ಮೇಲಿಂದ ಇಳಿಸಿ ಟಿವಿಗೆ ಜೋಡಿಸಿದ್ದು ಮಾತ್ರ ಕಾಕುವಿನ ಸ್ವಂತ ಪರಾಕ್ರಮ.

ಕ್ಯಾಸೆಟ್ಟಿನ ಮೇಲೆ ನೂರಾರು ಆಟ ಎಂದು ಬರೆದಿತ್ತು. ಒಳಗೆ ಇದ್ದದ್ದು ಹತ್ತೋ ಹನ್ನೆರಡೋ. ಅವೇ ತಿರುತಿರುಗಿ ಬರುತ್ತಿದ್ದವು. ಕಾಕು ಎಲ್ಲವನ್ನೂ ಅಂಗಡಿಯಲ್ಲಿ ನೂಲು ಜಗ್ಗಿ ನೋಡುವ ಹಾಗೆ ನೋಡಿ ಬಿಸಾಕಿದ್ದಳು. ವಿಮಾನದ ಆಟದಲ್ಲಿ ಗುಂಡು ಎಲ್ಲಿಂದ ಬರುತ್ತದೆ ತಿಳಿಯುವುದಿಲ್ಲ, ಬೇಡ. ಕಾರಿನ ಆಟ ಸುರುವಿನಲ್ಲೇ ಓಡು ಓಡು ಎಂದು ಜೀವ ತಿನ್ನುತ್ತದೆ, ಬೇಡ. ಹೊಸದಾಗಿ ಕೆಲಸಕ್ಕೆ ಬಂದವಳನ್ನು ಮೊದಲ ದಿನವೇ ನಾಲ್ಕು ಮಗ್ಗಕ್ಕೆ ನಿಲ್ಲಿಸುತ್ತಾರೇನು? ಮೊದಲು ಒಂದು ಕೊಡಬೇಕು, ಕೈ ಕೂತ ಮೇಲೆ ಎರಡು, ಆಮೇಲೆ ಅವಳೇ ಮೂರನೆಯದನ್ನು ಕೇಳಬೇಕು. ಆಟವೂ ಹಾಗೇ ಇರಬೇಕು ಎನ್ನುತ್ತಿದ್ದಳು.

ಉಳಿದದ್ದು ಒಂದೇ ಆಟ. ಹೆಸರು ಯಾವುದೋ ಓದಲಾಗದ ಲಿಪಿಯಲ್ಲಿತ್ತು. ಬೆನ್ನ ಮೇಲೆ ಗಂಟು ಹೊತ್ತ ಒಬ್ಬ ಮನುಷ್ಯ ಗುಂಡಿ, ಗೋಡೆ, ಕೊನೆಗೆ ತೂಗಾಡುವ ಒಂದು ಸೇತುವೆ ದಾಟಿ ತನ್ನ ಮನೆಯ ಬಾಗಿಲು ಮುಟ್ಟಬೇಕು. ಕಾಕು ಅವನನ್ನು ಸೀರೆ ಮಾರಿ ಊರಿಗೆ ಮರಳುವ ನೇಕಾರ ಎಂದೇ ನಂಬಿದ್ದಳು. ಅವನು ಗುಂಡಿಗೆ ಬಿದ್ದರೆ, "ಅಯ್ಯ ನಮ್ಮಪ್ಪಾ, ಮನ್ಯಾಗ ಹೆಂಡ್ತಿ ಕಾಯಾಕತ್ತಾಳೋ" ಎಂದು ಮರುಗುತ್ತಿದ್ದಳು. ಅವನನ್ನು ಒಮ್ಮೆಯೂ ಮನೆ ಮುಟ್ಟಿಸಲಾಗಿರಲಿಲ್ಲ. ಸೇತುವೆಯ ನಡುವೆ ಬೀಳುತ್ತಿದ್ದ.

ಮಧ್ಯಾಹ್ನ ಊಟವಾದ ಮೇಲೆ ಒಂದು ತಾಸು ಅವಳ ಗಂಡ ಕಾಕಾ ಮಗ್ಗ ನೋಡಿಕೊಳ್ಳುತ್ತಿದ್ದರು, ನಾವಿಬ್ಬರೂ ಆಡುತ್ತಿದ್ದೆವು. ಆಡುತ್ತಲೇ ಕಾಕುವಿನ ಕಿವಿ ಗೋಡೆಯಾಚೆಯ ಮಗ್ಗದ ಶೆಡ್ಡಿನಲ್ಲಿರುತ್ತಿತ್ತು. ಮೂರನೆಯದರಲ್ಲಿ ಎಳೆ ಹರಿಯಿತು ಎಂದು ಕೂತಲ್ಲಿಂದಲೇ ಕೂಗುತ್ತಿದ್ದಳು. ಕಾಕಾ ಹೋಗಿ ನೋಡಿದರೆ ಹರಿದೇ ಇರುತ್ತಿತ್ತು. ಕರೆಂಟು ಹೋದರಂತೂ ಮಗ್ಗ, ಟಿವಿ, ಗಂಟಿನವ ಎಲ್ಲ ಒಟ್ಟಿಗೇ ನಿಂತುಬಿಡುತ್ತಿದ್ದವು. ಮರಳಿ ಬಂದಾಗ ಮಗ್ಗ ನಿಂತಲ್ಲಿಂದ ಮುಂದುವರಿಯುತ್ತಿತ್ತು, ಗಂಟಿನವ ಮಾತ್ರ ಮೊದಲಿನಿಂದ ನಡೆಯಬೇಕು. ನನಗೆ ಅಳು ಬರುತ್ತಿತ್ತು. ಕಾಕುವಿನ ಕೈ ಆಗಲೇ ಒತ್ತುಗುಂಡಿಯ ಮೇಲಿರುತ್ತಿತ್ತು.

"ಎಲ್ಲಾ ಹ್ವಾದ ಮ್ಯಾಲೂ ಮತ್ತ ಮೊದಲಿಂದ ಆಡಬೇಕನಸ್ತೈತಲ್ಲಾ, ಅದ ಖರೆ ಆಟ" ಅಂದಿದ್ದಳು ಒಮ್ಮೆ. ನಾನು ಅದನ್ನು ಆಟದ ಮಾತು ಎಂದೇ ತಿಳಿದಿದ್ದೆ...

ಪರೀಕ್ಷೆ ಮುಗಿಯಿತು. ಮೈದುನ ಸ್ಕೂಟರ್ ಮೇಲೆ, ಪೆಟ್ಟಿಗೆ ಕಟ್ಟಲು ಹಗ್ಗ ಸಮೇತ ಬಂದ. ಅಂದು ಮಗ್ಗಗಳ ವಾರದ ರಜೆ. ಕಾಕಾ ಹಿಂದಿನ ಸಂಜೆಯೇ ಮಗ್ಗ ಒರೆಸಿ ಕುಂಕುಮ ಹಚ್ಚಿದ್ದರು. ರಜೆಯ ದಿನ ಮಗ್ಗದ ಹಿಡಿಕೆಗೆ ಯಾರೂ ಕೈ ಹಚ್ಚಬಾರದು ಎಂಬುದು ಅವರ ಕಟ್ಟುನಿಟ್ಟು. ಪೆಟ್ಟಿಗೆ ಜಮಖಂಡಿಗೆ ಹೋದರೆ ನನ್ನ ಮಧ್ಯಾಹ್ನಗಳೂ ಅದರ ಜೊತೆ ಹೋದ ಹಾಗೆ. ನಾನು ಬಾಗಿಲಲ್ಲಿ ನಿಂತು ಆ ಹಗ್ಗವನ್ನೇ ನೋಡುತ್ತಿದ್ದೆ. ಕಾಕು, ಮಗನಿಗೆ ಈಗ ಕ್ರಿಕೆಟ್ಟಿನ ಹುಚ್ಚಂತಲ್ಲ, ಇದು ಇಲ್ಲೇ ಇರಲಿ ಎಂದು ಕೇಳಿದಳು. ಮೈದುನ ನಕ್ಕ. ಮಗನಿಗೆ ಬೇಡವಾದರೂ ಅಪ್ಪನಿಗೆ ಬೇಕಿತ್ತು ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು.

"ವೈನಿ, ಮಗ್ಗಾ ಹೊಡದಂಗಲ್ಲ ಇದು. ತಲಿ ಬೇಕಾಕ್ಕೈತಿ."

ಕಾಕು ಪೆಟ್ಟಿಗೆಯನ್ನು ತನ್ನ ಕಡೆ ಎಳೆದುಕೊಂಡಳು. "ಆತು. ನಿಮಗ ಮೂರು ಜೀವ, ನನಗ ಮೂರು ಜೀವ. ಯಾರು ಮುಂದ ಹೋಗ್ತಾರೋ ಅವರ ಮನ್ಯಾಗ ಇರಲಿ."

ಮೈದುನ ಆಡಿದ. ಛಲೋ ಆಡಿದ, ಸುಳ್ಳು ಯಾಕೆ ಹೇಳಲಿ. ಮೂರನೆಯ ಜೀವಕ್ಕೆ ಸೇತುವೆಯ ನಡುವಿನ ತನಕ ಹೋಗಿ ಬಿದ್ದ. ಇನ್ನು ಕಾಕು ಆ ಜಾಗ ದಾಟಿದರೆ ಮಾತ್ರ ಗೆಲುವು.

ಕಾಕು ಕೂತಳು, ಮೊದಲ ಗುಂಡಿಗೇ ಬಿದ್ದಳು. ನಾನು ಕೂಡ ಬೀಳದ ಗುಂಡಿ ಅದು. ಎರಡನೆಯ ಜೀವ ಮೊದಲ ಗೋಡೆಗೆ ಡಿಕ್ಕಿ. ಕಾಕು ಆಟವನ್ನು ಅಲ್ಲೇ ನಿಲ್ಲಿಸಿಟ್ಟು, ಒತ್ತುಗುಂಡಿಗಳ ಮೇಲೆ ಉಫ್ ಎಂದು ಊದಿದಳು, ಸೆರಗಿನಿಂದ ಒರೆಸಿದಳು, ತನ್ನ ಅಂಗೈ ತಿರುವಿ ನೋಡಿಕೊಂಡಳು. "ಕೈ ನನ್ನ ಮಾತ ಕೇಳವಲ್ದು" ಎಂದು ನನಗಷ್ಟೇ ಕೇಳುವ ಹಾಗೆ ಅಂದಳು. ಮೈದುನ ಹಗ್ಗ ಬಿಚ್ಚತೊಡಗಿದ.

ಆಗ ನನಗೆ ಗಡಿಯಾರದ ಸದ್ದು ಕೇಳಿಸಿತು. ಕಾಕುವಿನ ಮನೆಯಲ್ಲಿ ಗಡಿಯಾರ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಥಟ್ಟನೆ ಹೊಳೆಯಿತು. ಕಾಕು ಇಷ್ಟು ದಿನ ಗಂಟಿನವನನ್ನು ಜಿಗಿಸಿದ್ದು ಕಣ್ಣಿನಿಂದಲ್ಲ, ಗೋಡೆಯಾಚೆಯ ಖಟ್‌ಪಟ್ ಲೆಕ್ಕದ ಮೇಲೆ. ಅದು ಅವಳಿಗೇ ಗೊತ್ತಿರಲಿಲ್ಲ. ಆ ಸದ್ದನ್ನು ದ್ವೇಷಿಸಿ ದ್ವೇಷಿಸಿ ಎಣಿಸಿದ ನನಗೆ ಗೊತ್ತಿತ್ತು.

ಸೀದಾ ಶೆಡ್ಡಿಗೆ ಓಡಿದೆ. ಮೊದಲ ಮಗ್ಗದ ಮೇಲೆ ಅರ್ಧ ನೇಯ್ದ ಕೆಂಪು ಸೀರೆ ಇತ್ತು. ಲಾಳಿ ಖಾಲಿ. ಪಕ್ಕದ ಬುಟ್ಟಿಯಲ್ಲಿ ನೂಲು ಸುತ್ತಿದ ಕಂಡಿಕೆಗಳಿದ್ದವು. ಕೈಗೆ ಸಿಕ್ಕದ್ದನ್ನು ಲಾಳಿಗೆ ಸಿಕ್ಕಿಸಿ, ಕಾಕು ಮಾಡುವ ಹಾಗೆ ಬಾಯಿ ಹಚ್ಚಿ ಲಾಳಿಯ ತೂತಿನಿಂದ ಎಳೆ ಹೀರಿ ತೆಗೆದೆ. ಮೋಟರ್ ಹಾಕಿದೆ. ಹಿಡಿಕೆ ಜಗ್ಗಿದೆ. ಖಟ್‌ಪಟ್!

ಕಾಕಾ ಅಂಗಳದಿಂದ ಓಡಿ ಬಂದರು. ರಜೆಯ ದಿನ, ಕುಂಕುಮ ಹಚ್ಚಿದ ಮಗ್ಗ, ಮಗ್ಗದ ಮುಂದೆ ಬೀಳಗಿಯ ಸೊಸೆ! ನಿಲ್ಲಿಸಲೆಂದು ಹಿಡಿಕೆಯ ಮೇಲೆ ಕೈ ಇಟ್ಟೇಬಿಟ್ಟರು. ಅಷ್ಟರಲ್ಲಿ ಒಳಗಿನಿಂದ ಗಂಟಿನವ ಜಿಗಿಯುವ ಸದ್ದು, ಮತ್ತೆ ಜಿಗಿಯುವ ಸದ್ದು, ಮಗ್ಗದ ಲೆಕ್ಕಕ್ಕೆ ಸರಿಯಾಗಿ. ಕಾಕಾ ನನ್ನ ಮುಖ ನೋಡಿದರು. ಕೈ ಹಿಡಿಕೆಯ ಮೇಲೇ ಇತ್ತು, ಆದರೆ ಜಗ್ಗಲಿಲ್ಲ. ನಾವಿಬ್ಬರೂ ಅಲ್ಲೇ ನಿಂತು ಬಾಗಿಲಿಂದ ಇಣುಕಿ ನೋಡಿದೆವು.

ಗುಂಡಿ ದಾಟಿತು, ಗೋಡೆ ದಾಟಿತು. ಸೇತುವೆ. ಮೈದುನ ಬಿದ್ದ ಜಾಗ ಬಂತು, ಹೋಯಿತು. ಗಂಟಿನವ ಬಾಗಿಲು ಮುಟ್ಟಿ ಗಂಟು ಇಳಿಸಿದ. ಬಾಗಿಲು ತೆರೆಯಿತು. ತೆರೆದರೆ ಒಳಗೆ ಏನಿದೆ? ಮೊದಲಿನ ಅದೇ ದಾರಿ, ಅದೇ ಗುಂಡಿ, ಸ್ವಲ್ಪ ಜೋರು! ಕಾಕು ಪಕಪಕ ನಗತೊಡಗಿದಳು. ಅದೇ ಹೊತ್ತಿಗೆ ಕಂಡಿಕೆಯ ನೂಲು ಮುಗಿದು ಮಗ್ಗ ತಾನಾಗಿ ನಿಂತಿತು, ಗಂಟಿನವ ಮೊದಲ ಗುಂಡಿಗೆ ಬಿದ್ದ.

ಮಗ್ಗ ಹಚ್ಚಿಕೊಂಡು ಆಡುವುದು ಮೋಸ ಎಂದು ಮೈದುನ ತಕರಾರು ತೆಗೆದ. ತೀರ್ಪು ಕೊಟ್ಟವರು ಕಾಕಾ. "ಆಕಿ ಆಡಿದ್ದು ಆಕಿ ಕೈಲೆ. ಮಗ್ಗಾ ಬರೇ ತಾಳಾ ಹಾಕೈತಿ." ಪೆಟ್ಟಿಗೆ ಉಳಿಯಿತು. ಹಗ್ಗ ಮಾತ್ರ ಸ್ಕೂಟರಿಗೆ ಮರಳಿತು. ಆಮೇಲೆ ಮೈದುನ ಅಣ್ಣನ ಯೋಗಕ್ಷೇಮ ವಿಚಾರಿಸಲೆಂದು ಪ್ರತಿ ವಾರ ಬರತೊಡಗಿದ. ಯೋಗಕ್ಷೇಮ ವಿಚಾರಿಸಲು ಟಿವಿಯ ಮುಂದೆಯೇ ಕೂರುತ್ತಿದ್ದ.

ನಾನು ಹಾಕಿದ್ದು ಹಸಿರು ಕಂಡಿಕೆ ಎಂದು ಮರುದಿನ ಗೊತ್ತಾಯಿತು. ಕೆಂಪು ಸೀರೆಯ ನಡುವೆ ಗೇಣುದ್ದ ಹಸಿರು. ಗಡಿಬಿಡಿಯಲ್ಲಿ ನನಗೆ ಬಣ್ಣವೇ ಕಂಡಿರಲಿಲ್ಲ. ಆ ಎಳೆಗಳನ್ನು ಬಿಚ್ಚಿ ತೆಗೆಯೋಣ ಎಂದರು ಕಾಕಾ. ಕಾಕು ಬಿಡಲಿಲ್ಲ. ಮುಂದೆ ಕೆಂಪು ನೇಯ್ದು ಪೂರ್ತಿ ಮಾಡಿ, ಪಂಚಮಿಗೆ ನನ್ನ ಮಡಿಲಿಗೆ ಹಾಕಿದಳು.

ಇಲ್ಲಿದೆ ನನ್ನ ನಾಚಿಕೆ. ಆ ಸೀರೆಯನ್ನು ನಾನು ಉಡಲೇ ಇಲ್ಲ. ತವರಿಗೆ ಒಯ್ದಾಗ ಅಕ್ಕ ನೋಡಿ, ಹಾಳಾದ ಸೀರೆಯನ್ನು ನಿನ್ನ ತಲೆಗೆ ಕಟ್ಟಿದ್ದಾರೆ ಎಂದು ನಕ್ಕಳು. ಎಳೆ ವಯಸ್ಸು, ಸುಳ್ಳು ಬಿಂಕ. ಟ್ರಂಕಿನ ತಳಕ್ಕೆ ತುರುಕಿದೆ. ಕಾಕು ಹಬ್ಬ ಹಬ್ಬಕ್ಕೂ ಉಟ್ಟೆಯಾ ಎಂದು ಕೇಳುತ್ತಿದ್ದಳು. ಮುಧೋಳದ ಮದುವೆಗೆ ಉಟ್ಟಿದ್ದೆ, ಮಹಾಲಿಂಗಪುರಕ್ಕೆ ಉಟ್ಟು ಹೋಗಿದ್ದೆ ಎಂದು ಬಾಯಿಗೆ ಬಂದ ಊರಿನ ಹೆಸರು ಹೇಳುತ್ತಿದ್ದೆ. ಒಂದು ಸಲ ಟ್ರಂಕು ಬಿಸಿಲಿಗೆ ಹಾಕಿದ್ದಾಗ ಅವಳು ಬಂದಳು. ತಳದಿಂದ ಮೇಲೆ ಬಂದಿದ್ದ ಆ ಸೀರೆಯ ಮಡಿಕೆಯ ಮೇಲೆ ಬೆರಳಾಡಿಸಿದಳು. ಗಂಜಿ ಗರಿಗರಿ ಅಂದಿತು. ನೀರು ಕಂಡ ಸೀರೆ ಯಾವುದು, ಕಾಣದ್ದು ಯಾವುದು ಎಂದು ಆ ಬೆರಳಿಗೆ ತಿಳಿಯದೇ? ಚಹಾ ಕುಡಿದು ಹೋದಳು... ಮುಂದೆ ಯಾವ ಹಬ್ಬಕ್ಕೂ ಕೇಳಲಿಲ್ಲ.

ಕಾಕು ತೀರಿ ಈಗ ಆರು ವರ್ಷ. ಮಗ್ಗಗಳನ್ನು ಮಾರಿದರು, ಶೆಡ್ಡಿನಲ್ಲಿ ಈಗ ಮೋಟರ್‌ಸೈಕಲ್ ರಿಪೇರಿ ಮಾಡುತ್ತಾರೆ. ನನ್ನ ಸಾಸಿವೆ ಕುಣಿಯುವುದನ್ನು ನಿಲ್ಲಿಸಿ ಬಹಳ ದಿನವಾಯಿತು.

ಮಗಳ ಪ್ರದರ್ಶನಕ್ಕೆ ಆ ಸೀರೆಯನ್ನೇ ಉಟ್ಟೆ. ಮೊದಲು ಹಸಿರು ಪಟ್ಟಿ ನಿರಿಗೆಯ ಒಳಗೆ ಮುಚ್ಚಿಹೋಗಿತ್ತು. ಬಿಚ್ಚಿ, ಅದು ಎದುರಿಗೆ ಬರುವ ಹಾಗೆ ಮತ್ತೆ ಹಿಡಿದೆ. ಮಗಳ ಆಟದಲ್ಲಿ ಈಗ ಟ್ರ್ಯಾಕ್ಟರ್ ಬರುವ ಮುಂಚೆ ಹಾರ್ನ್ ಕೇಳಿಸುತ್ತದೆ. ಬಿದ್ದರೆ ತಪ್ಪು ನಮ್ಮದೇ. ಹುಡುಗಿಯರು ಸಾಲು ಹಚ್ಚಿ ಆಡಿದರು, ಬಿದ್ದವರು ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತರು. ನನಗೆ ಅಷ್ಟು ಸಾಕಾಗಿತ್ತು.

ಮರಳಿ ಬರುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಒಬ್ಬ ಮುದುಕಿ ಕೂತಿದ್ದಳು. ರಬಕವಿಯವಳಂತೆ, ಹುಟ್ಟಾ ನೇಕಾರ ಮನೆತನ. ನನ್ನ ನಿರಿಗೆಯನ್ನೇ ನೋಡಿ ನೋಡಿ, ನೇಯ್ಗೆ ತಪ್ಪಿದೆಯಲ್ಲ ಎಂದು ಕೇಳಿದಳು. "ತಪ್ಪಲ್ರೀ, ನಮ್ಮ ಕಾಕು ಅಲ್ಲಿ ಗೆದ್ದಾಳ್ರಿ" ಅಂದೆ. ತೋರಿಸಬೇಕಾದವಳಿಗೆ ಉಟ್ಟು ತೋರಿಸಲಿಲ್ಲ, ಬಸ್ಸಿನಲ್ಲಿ ಸಿಕ್ಕವರಿಗೆ ತೋರಿಸುತ್ತಿದ್ದೇನೆ. ಮುದುಕಿಗೆ ನನ್ನ ಮಾತು ತಿಳಿಯಲಿಲ್ಲ. ಆದರೆ ಹಸಿರಿನ ಮೇಲೆ ಗೇಣು ಇಟ್ಟು ಅಳೆದಳು, ಎಳೆಗಳ ಮೇಲೆ ಉಗುರಾಡಿಸಿದಳು.

"ಒಂದು ಕಂಡಿಕಿ ಪೂರಾ ಹೋಗೈತಿ ನೋಡ್ರಿ ಇಲ್ಲಿ" ಅಂದಳು. "ನಡುವ ಯಾರೂ ನಿಲ್ಲಸಿಲ್ಲ."

ಹೌದು, ಯಾರೂ ನಿಲ್ಲಿಸಲಿಲ್ಲ ಎಂದೆ. ಬನಹಟ್ಟಿ ಬರುವ ತನಕ ಅವಳು ಕೈ ತೆಗೆಯಲಿಲ್ಲ, ನಾನೂ ಸರಿದು ಕೂರಲಿಲ್ಲ.